ಖುಷ್ಬುವಿನ ಎಡಗೈ

ಯಲಬುರ್ಗಾದ ಮೈದಾನದಲ್ಲಿ ಆ ದಿನದ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಎಲ್ಲರ ಕಣ್ಣೂ ಖುಷ್ಬುವಿನ ಮೇಲಿತ್ತು. ಅವಳು ಚೆಂಡು ಹಿಡಿದಾಗಲೆಲ್ಲ ಕಟ್ಟೆಯ ಮೇಲೆ ಕೂತ ಹುಡುಗರು ಎದ್ದು ನಿಲ್ಲುತ್ತಿದ್ದರು. ಪಂದ್ಯ ಮುಗಿದ ಮೇಲೆ ಗಂಗಾವತಿಯ ಡಿಗ್ರಿ ಕಾಲೇಜಿನ ದೈಹಿಕ ಶಿಕ್ಷಣ ಮೇಡಂ ಲಲಿತಾ ಅಂಕಣದೊಳಗೆ ಇಳಿದು ಬಂದಾಗ, ಅವರು ಹೋಗುವುದು ಖುಷ್ಬುವಿನ ಹತ್ತಿರವೇ ಎಂದು ಅದೇ ತಂಡದ ಗಂಗಾಳೂ ಅಂದುಕೊಂಡಿದ್ದಳು. ಮೇಡಂ ಖುಷ್ಬುವನ್ನು ನೋಡಿ ನಕ್ಕರು, ಬೆನ್ನು ತಟ್ಟಿದರು, ದಾಟಿ ಬಂದು ಗಂಗಾಳ ಮುಂದೆ ನಿಂತರು.

"ಅವರ ತಂಡದ ಎತ್ತರದ ಹುಡುಗಿ ಇವತ್ತು ಎಷ್ಟು ಹಾಕಿದ್ಲು, ಲೆಕ್ಕ ಐತೇನು?"

"ಇಲ್ರಿ ಮೇಡಂ."

"ಒಂದೂ ಹಾಕಲಿಲ್ಲ. ಹೋದ ವಾರ ಕೊಪ್ಪಳದಾಗ ಎಲ್ಲಾರಕಿಂತ ಹೆಚ್ಚು ಹಾಕಿದಾಕಿ ಅಕಿನ. ಇವತ್ತು ಅಕಿ ಮುಂದ ನೀ ಇದ್ದಿ."

ಗಂಗಾ ಬಗ್ಗಿ ಬೂಟಿನ ಲಾಡಿ ಕಟ್ಟಿಕೊಂಡಳು. ತಾನು ಚೆಂಡು ಹಾಕುವವಳಲ್ಲ, ಹಾಕುವವರ ಮುಂದೆ ನಿಲ್ಲುವವಳು ಎಂಬುದು ಅವಳಿಗೆ ಗೊತ್ತಿತ್ತು. ಅದೂ ಒಂದು ವಿದ್ಯೆ ಎಂದು ಈವರೆಗೆ ಯಾರೂ ಹೇಳಿರಲಿಲ್ಲ.

ಗಂಗಾ ಮತ್ತು ಖುಷ್ಬು ಇಬ್ಬರೂ ಬೇವೂರಿನವರು. ಒಂದೇ ಓಣಿ, ಒಂದೇ ಸಾಲಿ, ಆಮೇಲೆ ಯಲಬುರ್ಗಾದ ಪಿಯು ಕಾಲೇಜಿಗೆ ಒಂದೇ ಬಸ್ಸು. ಗಂಗಾವತಿ ಕಾಲೇಜಿನಲ್ಲಿ ಆಟಗಾರ್ತಿಯರಿಗೆಂದು ಉಳಿದಿದ್ದದ್ದು ಒಂದೇ ಸೀಟು. ಹಾಸ್ಟೆಲ್ಲು, ಊಟ ಎಲ್ಲ ಸೇರಿದ್ದು. ಮೇಡಂ ಅದನ್ನು ಗಂಗಾಳಿಗೆ ಕೊಟ್ಟರು. "ನೀ ಹೋಗಲೇ, ನಾನೇನು ಸಾಯ್ತೀನೇನು?" ಎಂದು ಖುಷ್ಬು ನಕ್ಕಿದ್ದಳು. ಆದರೆ ಆ ಸಂಜೆ ಬಸ್ಸಿನಲ್ಲಿ ಮುಂದಿನ ಸೀಟಿಗೆ ಹೋಗಿ ಒಬ್ಬಳೇ ಕೂತಳು. ಮುಂದೆ ಅವಳು ಕೊಪ್ಪಳದ ಕಾಲೇಜು ಸೇರಿದಳು. ಫೋನು ಮೊದಮೊದಲು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು.

ಗಂಗಾಳ ಅಪ್ಪ ಕಳಕಪ್ಪನಿಗೆ ಕುರಿ ಕಾಯುವ ಕೆಲಸ. ಮಗಳನ್ನು ಹಾಸ್ಟೆಲ್ಲಿಗೆ ಬಿಡಲು ಬಂದವನು ಗೇಟಿನ ಬಳಿ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ ಕೇಳಿದ್ದ: "ಅಲ್ಲವಾ, ಚೆಂಡು ಹಾಕಾಕ ಬರೋ ಹುಡುಗೀನ ಬಿಟ್ಟು ನಿನ್ನ ಯಾಕ ಆರಿಸ್ಯಾರ?" ಅವನಿಗೆ ಅದು ಕುಹಕವಲ್ಲ, ನಿಜವಾದ ಅನುಮಾನ. ಗಂಗಾಳಿಗೂ ಅದೇ ಅನುಮಾನವಿತ್ತು.

ತಂಡದ ನಾಯಕಿ ಸುಕನ್ಯಾ ಮರಳಿ ಎಂಬ ಊರಿನವಳು. ದೂರದಿಂದ ಎಸೆದರೂ ಚೆಂಡು ಬುಟ್ಟಿಯೊಳಗೆ ಸದ್ದಿಲ್ಲದೆ ಇಳಿಯುವಂಥ ಕೈ ಅವಳದು. ಮೊದಲ ದಿನ ಗಂಗಾ ಹತ್ತು ಸಲ ಎಸೆದು ಎಂಟು ಸಲ ತಪ್ಪಿದ್ದನ್ನು ನೋಡಿ, ಅವಳಿಗೂ ಕೇಳಲಿ ಎಂಬಂತೆ ಹೇಳಿದಳು: "ಮೇಡಂ, ನಮಗ ಹಾಕೋರು ಬೇಕಾಗಿತ್ತು."

ಲಲಿತಾ ಮೇಡಂಗೆ ಬೇಕಾಗಿದ್ದದ್ದು ಬೇರೆ. ಆ ವರ್ಷ ಅವರು ತಂಡಕ್ಕೆ ಪ್ರೆಸ್ ಕಲಿಸಬೇಕೆಂದು ಹಟ ಹಿಡಿದಿದ್ದರು. ಎದುರಿನವರು ಚೆಂಡು ಒಳಗೆ ಎಸೆದ ಕ್ಷಣದಿಂದಲೇ ಐವರೂ ಅಂಕಣದ ಉದ್ದಕ್ಕೂ ಹರಡಿ ಒತ್ತಬೇಕು. ಅವರು ಉಸಿರಾಡುವ ಮೊದಲೇ ದಾರಿ ಮುಚ್ಚಬೇಕು. ಎಂಟು ಸೆಕೆಂಡಿನೊಳಗೆ ಚೆಂಡು ನಡುಗೆರೆ ದಾಟದಿದ್ದರೆ ಅದು ನಮ್ಮದು. ಆ ಒತ್ತುವಿಕೆಯ ಮುಂದಾಳು ಗಂಗಾ.

ಮೊದಲ ದಿನಗಳಲ್ಲಿ ಅವಳಿಗೆ ಅದು ಹಬ್ಬದಂತಿತ್ತು. ಚೆಂಡು ಹಿಡಿದವಳ ಭುಜ ಯಾವ ಕಡೆ ವಾಲುತ್ತದೆಂದು ನೋಡುವುದು, ಅವಳಿಗಿಂತ ಅರೆಗಳಿಗೆ ಮೊದಲೇ ಅಲ್ಲಿರುವುದು, ಚೆಂಡು ನೆಲದಿಂದ ಮೇಲೇಳುವಾಗ ಕೈ ಹಾಕಿ ಕಸಿದುಕೊಳ್ಳುವುದು. ಕಸಿದಾಗಲೆಲ್ಲ ಬೆಂಚಿನಲ್ಲಿದ್ದವರು ಚಪ್ಪಾಳೆ ತಟ್ಟುತ್ತಿದ್ದರು. ಒಂದು ದಿನ ಅಂಥ ಚಪ್ಪಾಳೆಯ ನಡುವೆಯೇ ಮೇಡಂ ಸೀಟಿ ಊದಿದರು.

"ಕಸಗೊಂಡೆನಲ್ರಿ ಮೇಡಂ?"

"ಕಸಗೊಂಡಿ. ಅದರ ಹಿಂದಿನ ಎರಡು ಸಲ ಕೈ ಹಾಕಾಕ ಹೋದಿ, ಅಕಿ ನಿನ್ನ ದಾಟಿ ಹೋದ್ಲು. ನೀ ದಾಟಿಸಿಕೊಂಡ್ಮ್ಯಾಲೆ ಹಿಂದಿನ ನಾಲ್ಕು ಮಂದಿ ಏನು ಮಾಡಬೇಕು? ಅವರಿಗೂ ಒಂದೊಂದು ಆಳು ಐತಿ."

ಗಂಗಾ ಚೆಂಡು ಕೆಳಗಿಟ್ಟಳು.

"ನಿನ್ನ ಕೆಲಸ ಚೆಂಡು ಕಸಗೊಳ್ಳೋದಲ್ಲ. ಚೆಂಡು ಇದ್ದಾಕಿನ್ನ ನಿನ್ನ ಮುಂದನ ಇಟ್ಕೊಂಡು ಅಂಕಣದ ಪಕ್ಕದ ಗೆರಿ ಕಡೆ ಒಯ್ಯೋದು. ಗೆರಿ ಹತ್ರ ಸುಕನ್ಯಾ ಬರ್ತಾಳ. ಒಂದು ಕಡೆ ಗೆರಿ, ಇನ್ನೊಂದು ಕಡೆ ನೀವಿಬ್ರು. ಅಕಿ ಗಾಬ್ರಿಯಾಗಿ ಎಸೀತಾಳ, ಹಿಂದಿದ್ದೋರು ಹಿಡೀತಾರ. ಚೆಂಡು ಯಾರ ಕೈಗೆ ಬಂದ್ರೇನು?"

"ಸುಕನ್ಯಾ ಬರದಿದ್ರ?" ಎಂದು ಗಂಗಾಳ ಬಾಯಿಂದ ಬಂದುಬಿಟ್ಟಿತು.

ಎಲ್ಲರೂ ಸುಕನ್ಯಾಳ ಕಡೆ ನೋಡಿದರು. ಸುಕನ್ಯಾ ನೀರಿನ ಬಾಟಲಿ ಎತ್ತಿಕೊಂಡು ಅತ್ತ ನಡೆದಳು. ಚೆಂಡು ಹಾಕುವವಳು ಉಸಿರು ಉಳಿಸಿಕೊಳ್ಳಬೇಕು ಎಂಬುದು ಅವಳ ಲೆಕ್ಕ. ಗಂಗಾ ಗೆರೆಯ ತನಕ ಒಬ್ಬಳನ್ನು ತಂದು ನಿಲ್ಲಿಸಿದರೆ ಸುಕನ್ಯಾ ನಾಲ್ಕು ಹೆಜ್ಜೆ ಬಂದು ನಿಂತುಬಿಡುತ್ತಿದ್ದಳು. ಬರುವುದಿಲ್ಲವೆಂದು ಗೊತ್ತಿದ್ದರಿಂದ ಗಂಗಾ ಮತ್ತೆ ಕೈ ಹಾಕುತ್ತಿದ್ದಳು. ಇವಳು ಹೇಗೂ ಕೈ ಹಾಕುತ್ತಾಳೆಂದು ಸುಕನ್ಯಾ ಬರುತ್ತಿರಲಿಲ್ಲ. ಹೀಗೆಯೇ ತಿಂಗಳುಗಳು ಕಳೆದವು. ಆದರೂ ಚಳಿಗಾಲದ ಹೊತ್ತಿಗೆ ತಂಡ ಅಂತರಕಾಲೇಜು ಪಂದ್ಯಾವಳಿಯ ಫೈನಲ್ ಮುಟ್ಟಿತು. ಎದುರಾಳಿ, ಕೊಪ್ಪಳದ ತಂಡ. ಅದರ ಚೆಂಡು ಸಾಗಿಸುವ ಆಟಗಾರ್ತಿ ಖುಷ್ಬು.

"ಅಕಿ ನಿಮ್ಮೂರಾಕಿ ಅಲ್ಲೇನು?" ಮೇಡಂ ಕೇಳಿದರು. "ಅಕಿ ಆಟ ನಿನಗ ಗೊತ್ತಿರಬೇಕು."

ಗೊತ್ತಿತ್ತು. ಒಂಬತ್ತನೇ ಇಯತ್ತೆಯಲ್ಲಿ ಖುಷ್ಬು ಸಾಲಿಯ ಸಿಮೆಂಟು ನೆಲದ ಮೇಲೆ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡಿದ್ದಳು. ನಾಟಿ ವೈದ್ಯರು ಬಿದಿರುಪಟ್ಟಿ ಕಟ್ಟಿದ್ದರು. ಎಲುಬು ಕೂಡಿಕೊಂಡಿತು, ಆದರೆ ಕೈ ಪೂರ್ತಿ ಮಡಚುತ್ತಿರಲಿಲ್ಲ. ಎಡಗೈಯಲ್ಲಿ ಚೆಂಡು ಬಡಿದರೆ ಎರಡೇ ಪುಟಿತಕ್ಕೆ ಕೈತಪ್ಪುತ್ತಿತ್ತು. ಅದು ಯಾರಿಗೂ ಗೊತ್ತಾಗದಂತೆ ಅವರಿಬ್ಬರೂ ಒಂದು ಆಟ ಕಟ್ಟಿಕೊಂಡಿದ್ದರು: ಗಂಗಾ ಯಾವಾಗಲೂ ಖುಷ್ಬುವಿನ ಎಡಗಡೆಗೇ ಓಡುವುದು, ಇಕ್ಕಟ್ಟಾದರೆ ಖುಷ್ಬು ಅವಳಿಗೆ ಚೆಂಡು ಕೊಟ್ಟು ಬಲಕ್ಕೆ ತಿರುಗಿಕೊಳ್ಳುವುದು. ಮೂರು ವರ್ಷ ಯಾವ ತಂಡವೂ ಅದನ್ನು ಪತ್ತೆ ಹಚ್ಚಿರಲಿಲ್ಲ.

"ಬಲಕ್ಕ ಭಾಳ ಛಲೋ ಹೋಗ್ತಾಳ್ರಿ," ಎಂದಳು ಗಂಗಾ.

"ಅಂದ್ರ, ಎಡಕ್ಕ?"

"ಎಡಕ್ಕ... ಸ್ವಲ್ಪ ಕಡಿಮಿ ರೀ."

ಅಷ್ಟು ಹೇಳಿ ಬಾಯಿ ಮುಚ್ಚಿದಳು. ಮಧ್ಯಾಹ್ನ ಮೆಸ್ಸಿನಲ್ಲಿ ಅನ್ನದ ತಾಟು ಮುಂದಿಟ್ಟುಕೊಂಡು ಕೂತವಳಿಗೆ ಊಟ ಸೇರಲಿಲ್ಲ. ತಡೆಯುವ ಆಟವೆಂದರೆ ಕಡೆಗೆ ಏನು? ಎದುರಿನವರಿಗೆ ಏನು ಬರುವುದಿಲ್ಲವೋ ಅದು ಕಾಣುವ ತನಕ ಅವರನ್ನೇ ನೋಡುತ್ತ ನಿಲ್ಲುವುದು. ಪರಿಚಯವಿಲ್ಲದವರನ್ನು ಹಾಗೆ ನೋಡಿದಾಗ ಮನಸ್ಸಿಗೆ ಏನೂ ಅನ್ನಿಸಿರಲಿಲ್ಲ. ಖುಷ್ಬುವಿನ ಕೈ ಮಾತ್ರ ಅವಳು ಎದುರು ನಿಂತು ಕಂಡದ್ದಲ್ಲ. ಪಕ್ಕದಲ್ಲಿ ಕೂತು, ಪಟ್ಟಿ ಬಿಚ್ಚುವಾಗ ಖುಷ್ಬು ಹಲ್ಲು ಕಚ್ಚಿದ್ದನ್ನು ಕಂಡು ತಿಳಿದದ್ದು. ಅದನ್ನು ಬಳಸಿಕೊಂಡರೆ ಆಟವೋ, ದ್ರೋಹವೋ? ಬಳಸದೆ ಬಿಟ್ಟರೆ ತನ್ನನ್ನು ನಂಬಿರುವ ಈ ನಾಲ್ವರಿಗೆ ಏನು ಹೇಳುವುದು? ಒಂದು ನಿರ್ಧಾರಕ್ಕೂ ಬಾರದೆ ಅವಳು ತಾಟು ತೊಳೆದಿಟ್ಟಳು.

ಫೈನಲ್ ದಿನ ಕೊಪ್ಪಳದ ಅಂಕಣದಲ್ಲಿ ಖುಷ್ಬು ಕೂದಲು ಗಿಡ್ಡ ಕತ್ತರಿಸಿಕೊಂಡು ಬಂದಿದ್ದಳು.

"ಹೆಂಗದೀ?" ಎಂದಳು ಖುಷ್ಬು.

"ಛಲೋ ಅದೀನಿ. ನೀ?"

"ಅದೀನಿ ನೋಡು."

ಅಷ್ಟೇ. ಸೀಟಿ ಊದಿತು. ಮೊದಲ ಸಲ ಚೆಂಡು ಖುಷ್ಬುವಿನ ಕೈಗೆ ಬಂದಾಗ ಗಂಗಾಳ ಕಾಲುಗಳೇ ನಿರ್ಧಾರ ಮಾಡಿದವು. ಅವು ಹೋಗಿ ಖುಷ್ಬುವಿನ ಬಲಗಡೆ ಮುಚ್ಚಿ, ಎಡಗಡೆ ದಾರಿ ಬಿಟ್ಟು ನಿಂತವು. ಖುಷ್ಬು ಅವಳ ಕಾಲುಗಳನ್ನು ನೋಡಿದಳು, ಆಮೇಲೆ ಮುಖ ನೋಡಿದಳು. ಮರುಗಳಿಗೆ ಚೆಂಡು ಎಡಗೈಗೆ ಬಂತು. ಒಂದು ಪುಟಿತ, ಎರಡು, ಮೂರು... ಚೆಂಡು ಕೈಗೆ ಅಂಟಿದಂತಿತ್ತು. ಗಂಗಾ ತಿರುಗುವಷ್ಟರಲ್ಲಿ ಖುಷ್ಬು ನಡುಗೆರೆ ದಾಟಿ ಹೋಗಿದ್ದಳು.

ಆಕಸ್ಮಿಕವಿರಬೇಕೆಂದು ಗಂಗಾ ಮತ್ತೆ ಎಡಕ್ಕೇ ಬಿಟ್ಟಳು. ಮತ್ತೆ ಹಾಗೆಯೇ ಆಯಿತು. ಆಮೇಲೆ ಸಿಟ್ಟಿನಿಂದ ಚೆಂಡಿಗೆ ಕೈ ಹಾಕಿದಳು, ಫೌಲ್ ಆಯಿತು. ಪ್ರೆಸ್ ಹರಿದ ಬಲೆಯಂತಾಯಿತು. ಅರ್ಧ ಆಟ ಮುಗಿಯುವಾಗ ಕೊಪ್ಪಳದವರು ಬಹಳ ಮುಂದಿದ್ದರು.

ಬೆಂಚಿನಲ್ಲಿ ಕೂತು ಗಂಗಾ ತಲೆ ಎತ್ತದೆ ಹೇಳಿದಳು: "ಅಕಿ ಎಡಗೈ ಮುರದಿತ್ರಿ ಮೇಡಂ. ಸರಿಯಾಗಿ ಮಡಚತಿದ್ದಿಲ್ಲ. ಅದನ್ನ ನಂಬಿ ನಿಂತೆ."

ಮೇಡಂ ಬೈಯಲಿಲ್ಲ. "ನೀ ಹೋದ ವರ್ಷದ ಖುಷ್ಬೂನ ಹಿಡೀಲಿಕ್ಕೆ ಹೊಂಟಿ. ಅಕಿ ಇಲ್ಲಿಲ್ಲ. ಈಗ ನಿನ್ನ ಮುಂದಿರೋ ಹುಡುಗೀನ ನೋಡು," ಎಂದರು.

ಬೆವರು ಒರೆಸಿಕೊಳ್ಳುತ್ತಿದ್ದ ಸುಕನ್ಯಾ ಟವಲ್ಲು ಕೆಳಗಿಟ್ಟಳು. ಅರ್ಧ ಆಟದಲ್ಲಿ ಅವಳ ಕೈಗೆ ಚೆಂಡು ಸಿಕ್ಕಿದ್ದೇ ಅಪರೂಪ. ಸಿಗದ ಚೆಂಡನ್ನು ಹಾಕುವುದು ಹೇಗೆಂದು ಅವಳಿಗೂ ಹೊಳೆದಿರಬೇಕು.

"ಎಡಕ್ಕರ ಬಿಡು, ಬಲಕ್ಕರ ಬಿಡು," ಎಂದಳು. "ಗೆರಿ ತನಕ ತಂದು ಕೊಡು. ನಾ ಬರ್ತೀನಿ."

"ಖರೇನ ಬರ್ತೀ?"

"ಬರ್ತೀನಿ ಅಂದ್ನೆಲ್ಲ."

ಬಂದಳು. ಎರಡನೆಯ ಅರ್ಧದ ಮೊದಲ ಸಲವೇ ಖುಷ್ಬು ಗೆರೆಯ ಬಳಿ ತಿರುಗಿದಾಗ, ಸುಕನ್ಯಾ ಎರಡೂ ಕೈ ಮೇಲೆತ್ತಿ ಬಾಗಿಲಿನಂತೆ ನಿಂತಿದ್ದಳು. ಖುಷ್ಬು ಎತ್ತರಕ್ಕೆ ಎಸೆದ ಚೆಂಡನ್ನು ಹಿಂದಿದ್ದ ಗೀತಾ ಹಿಡಿದಳು. ಇನ್ನೊಂದು ಸಲ ಸುಕನ್ಯಾ ತಡವಾದಳು, ಖುಷ್ಬು ಇಬ್ಬರ ನಡುವೆ ನುಸುಳಿ ಹೋದಳು. ಆದರೂ ಅಂತರ ಇಳಿಯುತ್ತ ಬಂತು. ಕಟ್ಟೆಯ ಮೇಲಿದ್ದ ಕೊಪ್ಪಳದ ಜನ ಮಾತು ನಿಲ್ಲಿಸಿದರು.

ಕೊನೆಯ ನಿಮಿಷದಲ್ಲಿ ಕೊಪ್ಪಳ ಒಂದೇ ಅಂಕ ಮುಂದಿತ್ತು, ಚೆಂಡು ಖುಷ್ಬುವಿನದು. ಅವಳು ಗಂಗಾಳ ಎದುರು ಬಂದು ಚೆಂಡನ್ನು ಬೇಕೆಂದೇ ಒಂದು ಗೇಣು ಈಚೆ ಪುಟಿಸಿದಳು. ತಗೋ ಎನ್ನುವಂತೆ. ಗಂಗಾಳ ಬೆರಳುಗಳು ಜುಮ್ಮೆಂದವು. ಅವಳು ಕೈ ಚಾಚಲಿಲ್ಲ, ಕಾಲು ಸರಿಸಿದಳು. ಖುಷ್ಬು ಎಡಕ್ಕೆ ಬಂದಳು, ಗಂಗಾ ಅಲ್ಲಿದ್ದಳು. ಬಲಕ್ಕೆ ತಿರುಗಿದಳು, ಅಲ್ಲೂ ಇದ್ದಳು. ಹಿಂದಿನ ಮೂವರು ತಂತಮ್ಮ ಆಳಿಗೆ ಅಂಟಿ ನಿಂತರು, ಸುಕನ್ಯಾ ಗೆರೆಯ ಕಡೆಯಿಂದ ಓಡಿ ಬಂದಳು. ಖುಷ್ಬು ಚೆಂಡನ್ನು ಎದೆಗೆ ಅವುಚಿಕೊಂಡು ನಿಂತಳು, ಎಸೆಯಲು ಎಲ್ಲೂ ದಾರಿ ಕಾಣಲಿಲ್ಲ. ಸೀಟಿ ಊದಿತು. ಎಂಟು ಸೆಕೆಂಡು ಮುಗಿದಿತ್ತು, ಚೆಂಡು ಗಂಗಾವತಿಯವರದು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಏನಾಯಿತೆಂದೇ ಹಲವರಿಗೆ ತಿಳಿಯಲಿಲ್ಲ, ಯಾರ ಕೈಯೂ ಚೆಂಡು ಮುಟ್ಟಿರಲಿಲ್ಲವಲ್ಲ. ಐವರಿಗೆ ಮಾತ್ರ ಗೊತ್ತಿತ್ತು, ಮತ್ತು ಖುಷ್ಬುವಿಗೆ.

ಕಡೆಯ ಎಸೆತ ಸುಕನ್ಯಾಳದು. ಚೆಂಡು ಬುಟ್ಟಿಯ ಬಳೆಯ ಸುತ್ತ ಒಂದು ಸುತ್ತು ಹಾಕಿ ಹೊರಗೆ ಬಿತ್ತು. ಒಂದು ಅಂಕದಿಂದ ಸೋತರು. ಸುಕನ್ಯಾ ಅಲ್ಲೇ ಕುಕ್ಕರಿಸಿ ಮುಖ ಮುಚ್ಚಿಕೊಂಡಳು. ಗಂಗಾ ಹೋಗಿ ಅವಳನ್ನು ಎಬ್ಬಿಸಿದಳು.

ನಲ್ಲಿಯ ಹತ್ತಿರ ಖುಷ್ಬು ಸಿಕ್ಕಳು. ಮುಖ ತೊಳೆದುಕೊಂಡು ಎಡಗೈ ಮುಂದೆ ಚಾಚಿ ಮಡಚಿ ತೋರಿಸಿದಳು. ಪೂರ್ತಿ ಅಲ್ಲ, ಆದರೆ ಮೊದಲಿಗಿಂತ ಎಷ್ಟೋ ಮಡಚುತ್ತಿತ್ತು.

"ಅವತ್ತು ನಿನ್ನ ಆರಿಸಿದ್ರಲ್ಲ, ಮರುದಿನದಿಂದ ಈ ಕೈ ಪಳಗಿಸಾಕ ಹತ್ತಿದೆ. ಸಿಟ್ಟಿತ್ತು. ಒಂದಿಲ್ಲ ಒಂದಿನ ನೀ ನನ್ನ ಮುಂದ ನಿಲ್ತಿ, ಎಡಕ್ಕ ದಾರಿ ಬಿಡ್ತಿ ಅಂತ ಗೊತ್ತಿತ್ತು. ನಿಮ್ಮ ಮೇಡಂಗ ಹೇಳಿದ್ದೇನು?"

"ಅರ್ಧ ಹೇಳಿದ್ದೆ."

"ಅರ್ಧ ಅಂದ್ರ ಹೆಂಗಲೇ?" ಖುಷ್ಬು ನಕ್ಕುಬಿಟ್ಟಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಗಂಗಾಳ ಕಣ್ಣು ತುಂಬಿ ಬಂದವು. ನಗು ನಿಂತ ಮೇಲೆ ಖುಷ್ಬು ಕೇಳಿದಳು: "ಕಡೀಕ ಚೆಂಡು ಬೇಕಂತನ ತೋರಿಸಿದೆ. ನೀ ಕೈ ಹಾಕೇ ಹಾಕ್ತಿ ಅಂದ್ಕೊಂಡಿದ್ದೆ. ಯಾಕ ಹಾಕಲಿಲ್ಲ?"

"ಸುಕನ್ಯಾ ಬರಾಕತ್ತಿದ್ಲು," ಎಂದಳು ಗಂಗಾ.

ಎಲ್ಲರೂ ಗಂಗಾವತಿಯ ಬಸ್ಸು ಹತ್ತಿದರು. ಗಿಣಿಗೇರಾ ದಾಟಿದ ಮೇಲೆ ಸುಕನ್ಯಾ ಎದ್ದು ಬಂದು ಗಂಗಾಳ ಪಕ್ಕ ಕೂತಳು. ಕಣ್ಣು ಇನ್ನೂ ಕೆಂಪಗಿದ್ದವು.

"ನಾ ತಡ ಮಾಡಿದ್ನೆಲ್ಲ ಒಮ್ಮೆ, ಅಕಿ ನಮ್ಮಿಬ್ಬರ ನಡುವ ನುಸುಳಿ ಹೋದ್ಲು. ಎಲ್ಲಿ ತಪ್ಪಿತ್ತು ಅಲ್ಲಿ?"

"ನೀ ಅಕಿ ಮುಖ ನೋಡಿಕೋತ ಬಂದಿ. ಸೊಂಟ ನೋಡಬೇಕು. ಮುಖ ಸುಳ್ಳು ಹೇಳತೈತಿ."

"ಹೂಂ. ಮತ್ತ ಕಾಲು?"

ಗಂಗಾ ಸೀಟಿನ ಅಂಚಿಗೆ ಸರಿದು, ಎರಡು ಸೀಟುಗಳ ನಡುವಿನ ಇಕ್ಕಟ್ಟಿನಲ್ಲೇ ಕಾಲು ಹೇಗಿಡಬೇಕೆಂದು ತೋರಿಸತೊಡಗಿದಳು.