ಇಲಿ ಬಿದ್ದ ದಿನದ ಪುಟ

ದಿನಚರಿ ಬರೆಯುವ ರೂಢಿ ನನಗೆ ಹತ್ತಿದ್ದು ಮದ್ರಾಸಿನಲ್ಲಿ, ಇಂಟರ್‌ಮೀಡಿಯಟ್ ಓದುತ್ತಿದ್ದಾಗ. ಕಂಪ್ಲಿಯಿಂದ ಅಷ್ಟು ದೂರ ಹೋದ ಹುಡುಗಿ ನಾನೊಬ್ಬಳೇ. ಹಾಸ್ಟೆಲಿನಲ್ಲಿ ಕನ್ನಡ ಮಾತಾಡುವವರು ಯಾರೂ ಇರಲಿಲ್ಲ. ಮೊದಲ ತಿಂಗಳು ಬರೀ ಅಳುತ್ತಿದ್ದೆ. ನಮ್ಮ ವಾರ್ಡನ್ ಒಬ್ಬ ಮಲಯಾಳಿ ವಿಧವೆ. ಒಂದು ದಿನ ನನ್ನನ್ನು ಕರೆದು, ಖಾಲಿ ನೋಟುಬುಕ್ಕೊಂದನ್ನು ಕೈಗಿಟ್ಟು, "ದಿನಕ್ಕೊಂದು ಪುಟ ಬರೆ. ಆ ದಿನ ಯಾರು ಯಾರಿಗೆ ಒಳ್ಳೆಯದು ಮಾಡಿದ್ದನ್ನು ಕಂಡೆಯೋ ಅಷ್ಟೇ ಬರೆದರೆ ಸಾಕು" ಎಂದರು. ಬರೆಯತೊಡಗಿದೆ. ಅಳು ನಿಂತಿತು. ಅಷ್ಟೇ ಅಲ್ಲ, ಬರೆಯಬೇಕೆಂಬ ಆಸೆಗೆ ನೋಡುವುದನ್ನೂ ಕಲಿತೆ. ಅಡುಗೆಯವಳು ಜ್ವರ ಬಂದ ಹುಡುಗಿಗೆ ಗಂಜಿಯ ಮೇಲಿನ ತಿಳಿ ತೆಗೆದಿಡುವುದು, ಜಟಕಾದವನು ಕುದುರೆಗೆ ನೆರಳು ಹುಡುಕಿ ನಿಲ್ಲಿಸುವುದು ಕಣ್ಣಿಗೆ ಬೀಳತೊಡಗಿತು.

ಮದುವೆಯಾಗಿ ಹೊಸಪೇಟೆಗೆ ಬಂದಾಗ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಐದು ನೋಟುಬುಕ್ಕುಗಳಿದ್ದವು. ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾದ ಮೇಲೆ ಬೆಳಕಿಂಡಿಯ ಕೆಳಗೆ ಕೂತು ಬರೆಯುತ್ತಿದ್ದೆ. ಅತ್ತೆ ಯಮುನಾಬಾಯಿಯವರಿಗೆ ಓದು ಬರುತ್ತಿರಲಿಲ್ಲ.

"ಏನ್ ಬರೀತೀ ವೇಣೂ ದಿನಾ? ಅತ್ತಿ ಸಾರಿಗೆ ಉಪ್ಪು ಜಾಸ್ತಿ ಹಾಕಿದ್ಲು ಅಂತನಾ?"

"ಇಲ್ಲತ್ತೀ, ಒಳ್ಳೇದು ಮಾತ್ರ ಬರೀತೀನಿ."

"ಹಂಗಂದ್ರ ಅದ್ರಾಗ ನನ್ನ ಹೆಸರು ಇರೂದಿಲ್ಲ ಬಿಡು" ಎಂದು ನಕ್ಕು, ಗೋಡೆಯಾಚೆಯ ನೀಲಗಂಗಮ್ಮನವರಿಗೆ ಕೇಳುವಂತೆ, "ನೋಡವ್ವಾ ನೀಲಗಂಗಾ, ಸೊಸಿ ಅಂತ ಹೇಳಿ ನಾವು ಚಿತ್ರಗುಪ್ತನ್ನ ಮನಿ ತುಂಬಿಸಿಕೊಂಡೀವಿ!" ಎನ್ನುತ್ತಿದ್ದರು.

ನೀಲಗಂಗಮ್ಮನವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲಿನಲ್ಲಿ ಅದು ಎದೆಯೆತ್ತರ. ಆ ಗೋಡೆಯ ಮೇಲಿಂದ ಬೆಳಿಗ್ಗೆ ಕೆಂಡ ಈಚೆ ಬರುತ್ತಿತ್ತು, ಮಧ್ಯಾಹ್ನ ಹುಳಿ ಆಚೆ ಹೋಗುತ್ತಿತ್ತು. ಅವರ ಗಂಡ ಜಡೆಪ್ಪನವರಿಗೆ ಕಡ್ಡಿರಾಂಪುರದ ದಾರಿಯಲ್ಲಿ ಬಾಳೆಯ ತೋಟ. ಒಬ್ಬಳೇ ಮಗಳು ಪಂಪಮ್ಮ, ಎಂಟು ವರ್ಷದವಳು. ಎಲ್ಲರ ಬಾಯಲ್ಲಿ ಪಂಪಿ. ನನ್ನ ಹತ್ತಿರ ಅಕ್ಷರ ಕಲಿಯಲು ಬರುತ್ತಿದ್ದಳು. ನಾನು ಬರೆಯುವಾಗ ಮೊಣಕೈಗೆ ಆತುಕೊಂಡು ಕೂತು, "ಇವತ್ತು ನನ್ನ ಹೆಸರು ಬರ್ದೀರೇನ್ರಿ ಸಣ್ಣಮ್ಮಾರ? ಎಲ್ಲಿ, ತೋರಸ್ರಿ" ಎಂದು ಪೀಡಿಸುತ್ತಿದ್ದಳು.

ನನ್ನ ಮದುವೆಯಾಗಿ ನಾಲ್ಕನೇ ವರ್ಷ ನಾದಿನಿ ಇಂದಿರಾ ಸಂಡೂರಿನಿಂದ ಹೆರಿಗೆಗೆ ಬಂದಿದ್ದಳು. ಪುಷ್ಯಮಾಸದ ಚಳಿಯಲ್ಲಿ ಗಂಡುಮಗು ಹುಟ್ಟಿತು. ನನ್ನ ಯಜಮಾನರು ವಕೀಲರು, ಕೇಸೊಂದರ ಮೇಲೆ ಬಳ್ಳಾರಿಗೆ ಹೋಗಿದ್ದರು. ಮಗು ಹುಟ್ಟಿ ಆರನೇ ದಿನ, ಸೋಮವಾರ ಬೆಳಿಗ್ಗೆ, ನಾನು ಪಡಸಾಲೆ ಗುಡಿಸುತ್ತಿದ್ದೆ. ಅಕ್ಕಿಯ ಚೀಲದ ಹಿಂದಿನಿಂದ ಒಂದು ಇಲಿ ಹೊರಗೆ ಬಂತು. ನನ್ನನ್ನು ಕಂಡು ಓಡಲಿಲ್ಲ. ಕುಡಿದವರ ಹಾಗೆ ತೂರಾಡುತ್ತ ಎರಡು ಸುತ್ತು ತಿರುಗಿ ನನ್ನ ಕಾಲಿನ ಹತ್ತಿರವೇ ಬಿದ್ದು ಸತ್ತಿತು.

ನಮ್ಮ ಕಡೆ ಇದರ ಅರ್ಥ ಮಕ್ಕಳಿಗೂ ಗೊತ್ತಿತ್ತು. ಇಲಿ ಬಿತ್ತೆಂದರೆ ಪ್ಲೇಗು. ಇಲಿ ಬಿದ್ದ ಮನೆಯವರು ಮೊದಲು ಓಣಿಗೆ ಹೇಳಬೇಕು, ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರಿಗೆ ತಿಳಿಸಬೇಕು. ಅಂದೇ ಓಣಿಯವರೆಲ್ಲ ಮನೆಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಎರಡು ತಿಂಗಳು ಅಲ್ಲೇ ಇರಬೇಕು.

ಅತ್ತೆ ಇಕ್ಕಳ ತಂದರು. ಇಲಿಯನ್ನು ಹಿತ್ತಲಿಗೆ ಒಯ್ದು ನುಗ್ಗೆಯ ಗಿಡದ ಬುಡದಲ್ಲಿ ಹೂತರು. ಕೈ ತೊಳೆದು ನನ್ನ ಮುಂದೆ ಬಂದು ನಿಂತರು.

"ವೇಣೂ, ನೀ ಏನೂ ನೋಡಿಲ್ಲ."

"ಅತ್ತೀ, ಓಣಿಯವರಿಗೆ..."

"ಆರು ದಿನದ ಬಾಣಂತಿನ್ನ ಈ ಚಳ್ಯಾಗ ಗುಡಿಸಲಿಗೆ ಒಯ್ಯಲೇನು? ಹಿಂದಿನ ಸಲ ಏನಾತು, ನಿನಗ ಗೊತ್ತಿಲ್ಲೇನು?" ಎರಡು ವರ್ಷದ ಹಿಂದೆ ಇಂದಿರಾಳ ಮೊದಲ ಕೂಸು ಅಂಥದೇ ಗುಡಿಸಲಿನಲ್ಲಿ ಥಂಡಿ ಹತ್ತಿ ತೀರಿಕೊಂಡಿತ್ತು. "ಒಂದೇ ಇಲಿ. ಬೆಕ್ಕು ಹಿಡಿದು ಬಿಟ್ಟಿರಬೇಕು. ಹನ್ನೊಂದನೇ ದಿನ ಪುಣ್ಯಾಹ ಆಗಲಿ, ಆಮ್ಯಾಲ ನಾನೇ ಮನಿಮನಿಗೆ ಹೋಗಿ ಹೇಳ್ತೀನಿ. ಐದು ದಿನ, ವೇಣೂ. ಕೈ ಮುಗೀತೀನಿ."

ನಿಜವಾಗಿ ಕೈ ಮುಗಿದರು. ಅತ್ತೆಯೊಬ್ಬಳು ಸೊಸೆಗೆ ಕೈ ಮುಗಿಯುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಮಧ್ಯಾಹ್ನ ಅನ್ನ ಇಳಿಯಲಿಲ್ಲ. ಎರಡು ಸಲ ಹಿತ್ತಲಿನ ಗೋಡೆಯವರೆಗೆ ಹೋಗಿ ಬಂದೆ. ಆಚೆ ನೀಲಗಂಗಮ್ಮ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಕರೆಯಲಿಲ್ಲ. ಬಂದು ನೋಟುಬುಕ್ಕು ತೆಗೆದು ಆ ದಿನದ ಪುಟ ಬರೆದೆ. ಬರೆದು ಮುಗಿಸುವ ಹೊತ್ತಿಗೆ ಎದೆಯ ಭಾರ ಇಳಿದಿತ್ತು. ಯಾರಿಗೋ ಎಲ್ಲವನ್ನೂ ಹೇಳಿಬಿಟ್ಟಂಥ ನೆಮ್ಮದಿ. ಒಂದು ತಾಸು ಚೆನ್ನಾಗಿ ನಿದ್ದೆ ಮಾಡಿದೆ.

ಮಂಗಳವಾರ, ಬುಧವಾರ, ಗುರುವಾರ ಇನ್ನೊಂದು ಇಲಿ ಬೀಳಲಿಲ್ಲ. ಅತ್ತೆಯ ಮುಖ ತಿಳಿಯಾಯಿತು. ನಾನು ಆ ದಿನಗಳ ಪುಟಗಳಲ್ಲಿ ಬೇರೆ ಏನೇನೋ ಬರೆದೆ.

ಶುಕ್ರವಾರ ಪಂಪಿ ಅಕ್ಷರಕ್ಕೆ ಬರಲಿಲ್ಲ. "ಮೈ ಕಾದ ಹಂಚಾಗೈತ್ರಿ" ಎಂದು ನೀಲಗಂಗಮ್ಮ ಗೋಡೆಯ ಮೇಲಿಂದ ಹೇಳಿದರು. "ಹೋದ ವರ್ಷದಂಗ ಮಲೇರಿಯಾ ಇರಬೇಕ್ರಿ." ಜ್ವರದ ಮಗು ಮನೆಯಲ್ಲಿದ್ದರೂ ಆ ದಿನವೂ ಇಂದಿರಾಳಿಗೆ ಹಾಲು ಕೊಡುವುದನ್ನು ಅವರು ಮರೆತಿರಲಿಲ್ಲ. ಚೆಂಬು ಈಸಿಕೊಳ್ಳುವಾಗ ನನಗೆ ಇಲಿಯ ನೆನಪಾಯಿತು. ಆದರೂ ಬಾಯಿ ಬಿಡಲಿಲ್ಲ. ಮಲೇರಿಯಾ ಇರಬಹುದಲ್ಲ ಎಂದುಕೊಂಡೆ.

ಶನಿವಾರ, ಪುಣ್ಯಾಹದ ದಿನ, ಬೆಳಿಗ್ಗೆ ಪಂಪಿಯ ಜ್ವರದ ಸುದ್ದಿ ಕೇಳಿ ಇನ್ಸ್‌ಪೆಕ್ಟರು ಕ್ವಿನೈನಿನ ಪೆಟ್ಟಿಗೆ ಹಿಡಿದು ಓಣಿಗೆ ಬಂದರು. ನಮ್ಮ ಬಾಗಿಲಿಗೂ ನೀಲಗಂಗಮ್ಮನವರ ಬಾಗಿಲಿಗೂ ನಡುವೆ ನಿಂತು, "ಅಮ್ಮಾರ, ಯಾರ ಮನ್ಯಾಗರ ಇಲಿ ಬಿದ್ದಾವೇನ್ರಿ? ಇದ್ದದ್ದು ಇದ್ದಂಗ ಹೇಳ್ರಿ" ಎಂದು ಕೇಳಿದರು.

"ನಮ್ಮ ಮನ್ಯಾಗ ಇಲ್ಲರೆಪ್ಪಾ" ಎಂದರು ಅತ್ತೆ.

"ಚಲೋ ನೆನಪು ಮಾಡಿಕೊಂಡು ಹೇಳ್ರಿ."

"ಅವರನ್ನೇನ್ ಕೇಳ್ತೀರಿ ಸಾಹೇಬ್ರ?" ಎಂದರು ನೀಲಗಂಗಮ್ಮ. "ದೊಡ್ಡಮ್ಮಾರು ಇಲ್ಲ ಅಂದ್ರ ಇಲ್ಲ. ಅವರ ಬಾಯಾಗ ಸುಳ್ಳು ಬರಂಗಿಲ್ಲ."

"ಹಂಗಾದ್ರ ಮಲೇರಿಯಾನ. ಯಾರೂ ಓಣಿ ಬಿಡೂದು ಬ್ಯಾಡ" ಎಂದು ಇನ್ಸ್‌ಪೆಕ್ಟರು ಮಾತ್ರೆ ಕೊಟ್ಟು ಮುಂದಿನ ಮನೆಗೆ ನಡೆದರು.

ನಾನು ಒಳಗೆ ಹೋದೆ. ಇಲಿ ಬಿದ್ದು ಎಷ್ಟು ದಿನವಾಯಿತು, ಆ ದಿನ ಪಂಪಿ ಬಂದಿದ್ದಳೋ ಇಲ್ಲವೋ ನೋಡಬೇಕಿತ್ತು. ಬಂದಿರಲಿಲ್ಲ ಎಂದು ಸಿಕ್ಕರೆ ಸಾಕು ಎಂದು ಬೇಡಿಕೊಳ್ಳುತ್ತಲೇ ನೋಟುಬುಕ್ಕು ತೆರೆದೆ. ನಾನು ಬರೆದದ್ದು ಹೀಗಿತ್ತು:

"ಸೋಮವಾರ. ಇಂದು ಪಡಸಾಲೆಯಲ್ಲಿ ಒಂದು ಇಲಿ ಬಿತ್ತು. ಬಾಣಂತಿ ಮಗಳ ಸಲುವಾಗಿ ಅತ್ತೆ ಅದನ್ನು ಹಿತ್ತಲಲ್ಲಿ ಹೂತು ನನಗೆ ಕೈ ಮುಗಿದರು. ತಾಯಿಯ ಕರುಳು ಎಷ್ಟು ದೊಡ್ಡದು! ಯಾರಿಗೂ ಹೇಳುವುದಿಲ್ಲವೆಂದು ಅವರಿಗೆ ಮಾತು ಕೊಟ್ಟು ಸಮಾಧಾನ ಮಾಡಿದೆ. ನೀಲಗಂಗಮ್ಮ ಕೇಳದೆಯೇ ಇಂದಿರಾಳಿಗೆ ಹಾಲು ಕಳಿಸಿದರು. ತಂದವಳು ಪಂಪಿ. ಅಕ್ಕಿಯ ಚೀಲದ ಹತ್ತಿರ ನೆಲ ನುಣ್ಣಗಿದೆಯೆಂದು ಅಲ್ಲೇ ಕಾಲು ಚಾಚಿ ಕೂತು ಐದು ಕಲ್ಲಿನ ಆಟ ಆಡಿದಳು. ಗೆದ್ದಾಗಲೆಲ್ಲ ಅವಳು ನಕ್ಕ ನಗೆಗೆ ಕೋಣೆಯೊಳಗೆ ಇಂದಿರಾನೂ ನಕ್ಕಳು. ಇಂದು ಮೂರು ಒಳ್ಳೆಯ ಕೆಲಸ ಕಂಡೆ."

ಅಕ್ಷರ ನನ್ನವೇ. ದುಂಡಗೆ, ಸಾಲಾಗಿ, ಒಂದೂ ತಿದ್ದಿಲ್ಲದೆ. ಇಲಿಗೂ ಮಗುವಿಗೂ ನಡುವೆ ನಾಲ್ಕೇ ಸಾಲು. ಎರಡನ್ನೂ ನನ್ನ ಕಣ್ಣೇ ಕಂಡಿತ್ತು, ನನ್ನ ಕೈಯೇ ಬರೆದಿತ್ತು. ಮುಚ್ಚಿಟ್ಟದ್ದನ್ನು ನಾನು ಒಳ್ಳೆಯ ಕೆಲಸದ ಎಣಿಕೆಗೆ ಸೇರಿಸಿದ್ದೆ. ಈ ಪುಟ ಬರೆದು ನಿದ್ದೆ ಮಾಡಿದವಳು ಯಾರು ಎಂದು ದಿಗ್ಭ್ರಮೆಯಾಯಿತು. ಇನ್ನೊಬ್ಬರ ಕೈಬರಹ ಇರಬಹುದೇನೋ ಎಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಈಗ ನಗು ಬರುವಂಥ ಮಾತು. ಆಗ ನಿಜವಾಗಿ ಹಾಗೆ ನೋಡಿದೆ.

ಆಮೇಲೆ ಓಡಿದೆ. ತಲೆಯ ಮೇಲೆ ಸೆರಗಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಓಣಿಯ ತುದಿಯಲ್ಲಿ ಇನ್ಸ್‌ಪೆಕ್ಟರನ್ನು ಹಿಡಿದು ಪುಟ ತೆರೆದು ಕೊಟ್ಟೆ. ಅವರು ನಿಂತಲ್ಲೇ ಓದಿದರು. ನನ್ನ ಮುಖ ನೋಡಿದರು. ಹಿಂದಕ್ಕೆ ತಿರುಗಿ ನೀಲಗಂಗಮ್ಮನವರ ಮನೆಗೆ ಹೋಗಿ ಪಂಪಿಯ ತೊಡೆಯ ಸಂದಿನಲ್ಲಿ ಬೆರಳಿಟ್ಟು ನೋಡಿದರು. ಪ್ಲೇಗಿನ ಗಡ್ಡೆ ಎದ್ದಿತ್ತು.

"ಐದು ದಿನ" ಎಂದರು ಹೊರಗೆ ಬಂದು. "ಸೋಮವಾರನ ಗೊತ್ತಾಗಿದ್ರ ಅವತ್ತ ಓಣಿ ಬಿಡಿಸ್ತಿದ್ನಿ, ಎಲ್ಲರಿಗೂ ಪ್ಲೇಗಿನ ಸೂಜಿ ಹಾಕ್ತಿದ್ನಿ."

ನೀಲಗಂಗಮ್ಮ ನಮ್ಮ ಅತ್ತೆಯ ಮುಖವನ್ನೇ ನೋಡುತ್ತ ನಿಂತರು. ಬೈಯಲಿಲ್ಲ. "ಅಮ್ಮಾರ?" ಎಂದರು, ಕತ್ತಲೆಯಲ್ಲಿ ಯಾರನ್ನೋ ಗುರುತು ಕೇಳುವ ಹಾಗೆ. ಅತ್ತೆ ಕಂಬ ಹಿಡಿದು ಕೂತುಬಿಟ್ಟರು.

ಸಂಜೆಯ ಒಳಗೆ ಓಣಿ ಖಾಲಿಯಾಯಿತು. ನಮ್ಮ ಗಾಡಿ ಹೊಡೆಯುವ ಜಂಬಪ್ಪ ತನ್ನ ಕಂಬಳಿಯನ್ನೇ ಇಂದಿರಾಳ ಕೂಸಿಗೆ ಹೊದಿಸಿ, ತಾನು ಗೋಣಿಚೀಲ ಹೊದ್ದು ಎತ್ತು ಹೊಡೆದ. ಗುಡಿಸಲು ಕಾಣಿಸಿದಾಗ ಅತ್ತೆ ಒಮ್ಮೆಲೇ, "ನೀ ಬರದಿಟ್ಟದ್ದು ಚಲೋ ಆತು ವೇಣೂ" ಎಂದರು. "ಬಾಯಿಲೆ ಹೇಳಿದ್ರ ಸೊಸಿ ಸುಳ್ಳು ಹೇಳ್ತಾಳ ಅಂತಿದ್ದೆ ನಾನು. ಅಂದೇ ಬಿಡ್ತಿದ್ದೆ."

ಇಂದಿರಾ ಉಳಿದಳು, ಕೂಸೂ ಉಳಿಯಿತು. ಓಣಿಯಲ್ಲಿ ಬೇರೆ ಯಾರಿಗೂ ಏನೂ ಆಗಲಿಲ್ಲ. ಸೋಮವಾರ ಬೆಳಿಗ್ಗೆ ಬಾಳೆತೋಟದ ಗುಡಿಸಲಿನಲ್ಲಿ ಪಂಪಿ ತೀರಿಕೊಂಡಳೆಂದು ಜಂಬಪ್ಪ ಬಂದು ಹೇಳಿದ.

ಹದಿನೈದು ದಿನ ನಾನು ಪೆನ್ನು ಮುಟ್ಟಲಿಲ್ಲ. ಜಂಬಪ್ಪನ ಕಂಬಳಿಯ ಮಾತನ್ನು ಕೂಡ ಬರೆಯಲಾಗಲಿಲ್ಲ. ಒಂದೇ ಯೋಚನೆ ತಲೆ ತಿನ್ನುತ್ತಿತ್ತು. ಹೇಳಿದ್ದನ್ನೆಲ್ಲ ಪುಸ್ತಕ ಕೇಳಿಸಿಕೊಳ್ಳುತ್ತದೆ, ತಿರುಗಿ ಒಂದು ಪ್ರಶ್ನೆ ಕೇಳುವುದಿಲ್ಲ. ಅದೇ ಮಾತನ್ನು ಹಿತ್ತಲಿನ ಗೋಡೆಯ ಮೇಲಿಂದ ಹೇಳಿದ್ದರೆ ನೀಲಗಂಗಮ್ಮ, "ಎಲ್ಲಿ ಬಿತ್ತು? ನನ್ನ ಮಗಳು ಎಲ್ಲಿ ಕುಂತಿದ್ಲು?" ಎಂದು ಕೇಳಿಯೇ ಕೇಳುತ್ತಿದ್ದರು.

ಹದಿನಾರನೇ ದಿನ ನೋಟುಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಕಡ್ಡಿರಾಂಪುರದ ದಾರಿ ಹಿಡಿದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ನೀಲಗಂಗಮ್ಮ ಗುಡಿಸಲಿನ ಮುಂದೆ ಕೂತಿದ್ದರು. ಸುಮ್ಮನೆ ಜಾಗ ಬಿಟ್ಟು ಸರಿದರು.

"ಕುಂದ್ರಿ" ಎಂದರು. "ಅದ್ರಾಗ ನನ್ನ ಮಗಳ ಹೆಸರೈತಂತ. ಇನ್ಸ್‌ಪೆಕ್ಟರು ಅಂದ್ರು."

"ಐತ್ರಿ."

"ಓದ್ರಿ."

ನಾನು ಪುಟ ತೆರೆದೆ. ಧೈರ್ಯ ಸಾಲದೆ, "ತಂದವಳು ಪಂಪಿ" ಎಂಬಲ್ಲಿಂದ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ನಗತಿದ್ಲಾ?"

"ಹೂನ್ರಿ."

"ಎಷ್ಟು ಸಲ ಗೆದ್ಲು?"

"ಅದನ್ನ ಬರ್ದಿಲ್ರಿ."

ಬಾಳೆಯ ಎಲೆಗಳು ಗಾಳಿಗೆ ಹರಿಯುವ ಸದ್ದು. "ಗ್ವಾಡಿ ಮ್ಯಾಲಿಂದ ಒಂದ ಮಾತು ಅಂದಿದ್ರ ಸಾಕಾಗಿತ್ರಿ" ಎಂದರು ಕೊನೆಗೆ, ದನಿಯೇರಿಸದೆ. "ಬರಿಯಾಕ ಅಷ್ಟೊತ್ತು ಬೇಕಾತು. ಅನ್ನಾಕ ಎಷ್ಟೊತ್ತು ಬೇಕಿತ್ತು?"

ನನ್ನ ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಪುಸ್ತಕವನ್ನು ದೂರ ಹಿಡಿದೆ. ಎದ್ದು ಹೋಗು ಎನ್ನುತ್ತಾರೆಂದು ಕಾದೆ.

"ಮತ್ತೊಮ್ಮೆ ಓದು" ಎಂದರು.

ಅಷ್ಟು ವರ್ಷ ನನಗೆ 'ರಿ' ಹಚ್ಚದೆ ಮಾತಾಡಿದವರಲ್ಲ ಅವರು. ನಾನು ಮತ್ತೆ "ತಂದವಳು ಪಂಪಿ" ಎಂದು ಶುರುಮಾಡಿದೆ. ಅವರು ನನ್ನ ಮಣಿಕಟ್ಟು ಹಿಡಿದರು.

"ಅಲ್ಲಿಂದಲ್ಲ. ಮ್ಯಾಲಿಂದ ಓದು. ಏನೂ ಬಿಡಬ್ಯಾಡ."

ಅವರ ಕೈ ಮಣಿಕಟ್ಟಿನ ಮೇಲೆಯೇ ಇತ್ತು. ನಾನು ಮೊದಲಿನ ಸಾಲಿಗೆ ಬೆರಳಿಟ್ಟು, ಅವರಿಗೆ ಕೇಳುವಷ್ಟು ದನಿ ತಂದುಕೊಂಡು, ಓದಿದೆ: "ಸೋಮವಾರ. ಇಂದು ಪಡಸಾಲೆಯಲ್ಲಿ ಒಂದು ಇಲಿ ಬಿತ್ತು."