ಚೆಂಡು ಓಡುವಾಗ ಹೊಡೆದ ಸೀಟಿ

ಕೀಚ್ ಎಂದು ಬೂಟು ಮರದ ನೆಲಕ್ಕೆ ಉಜ್ಜಿತು, ಏಳನೇ ನಂಬರಿನ ಹುಡುಗಿ ಗರ್ರನೆ ತಿರುಗಿದಳು, ಚೆಂಡು ಧಪ್ ಧಪ್ ಧಪ್ — ಈ ಸದ್ದಿಗೆ ನನ್ನ ಎದೆ ತಾನಾಗಿ ತಾಳ ಹಾಕುತ್ತಿತ್ತು, ಮೂವತ್ತು ವರ್ಷದಿಂದ ಹಾಕಿದೆ, ಇವತ್ತು ಹಾಕುತ್ತಿಲ್ಲ, ಪಕ್ಕದಲ್ಲಿ ಅಮರೇಶಪ್ಪ ಶೇಂಗಾದ ಪೊಟ್ಟಣ ಒಡ್ಡುತ್ತಾನೆ, ತಗೋಳೋ ಶಿವಪ್ರಕಾಶ, ಸತ್ತವರ ಮನಿಗೆ ಬಂದಂಗ ಕುಂತಿಯಲ್ಲೋ ಮಾರಾಯಾ, ಒಂದ್ ಸೀಟಿ ಹೊಡಿ, ನಮ್ಮ ಹುಡುಗ್ಯಾರು ನಿದ್ದಿ ಹೊಡ್ಯಾಕತ್ತಾರ. ಹೊಡೆಯುವುದಿಲ್ಲ. ಬಲಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದೇನೆ, ಇಪ್ಪತ್ತೊಂದು ದಿನದಿಂದ ಹೊಡೆದಿಲ್ಲ, ಸ್ನಾನದ ಮನೆಯಲ್ಲಿ ಕೂಡ ಹೊಡೆದಿಲ್ಲ, ಮತ್ತು ನಾಲ್ಕು ಸಾಲು ಕೆಳಗೆ, ಸ್ಕೋರು ಬರೆಯುವ ಮೇಜಿನ ಹಿಂದೆ ಅನುರಾಧಾ ಮೇಡಂ ಕೂತಿದ್ದಾರೆ, ಹಾಕಿ ಕೋಚು, ತಮ್ಮ ಕ್ರೀಡಾ ಹಾಸ್ಟೆಲಿನ ಹುಡುಗಿಯರು ಇವತ್ತು ಬಾಸ್ಕೆಟ್‌ಬಾಲ್ ಆಡುತ್ತಾರೆಂದು ಬಂದಿದ್ದಾರೆ, ಅವರ ಮಡಿಲಲ್ಲಿ ನೀಲಿ ಫೈಲು, ಅದರಲ್ಲಿ ರಾಜ್ಯದ ಕ್ಯಾಂಪಿಗೆ ಹೋಗುವ ಹಾಕಿ ಹುಡುಗಿಯರ ಪಟ್ಟಿ, ಐದು ಗಂಟೆಗೆ ಅದನ್ನು ಕೊಟ್ಟುಬಿಡುತ್ತಾರಂತೆ, ಅದರಲ್ಲಿ ಅದೇ ಹಾಸ್ಟೆಲಿನ ಸುವರ್ಣಾಳ ಹೆಸರಿಲ್ಲ. ಯಾಕಿಲ್ಲ ಎಂಬುದು ಇಷ್ಟು ದೊಡ್ಡ ಊರಿನಲ್ಲಿ ಇಬ್ಬರಿಗೆ ಗೊತ್ತು, ಒಬ್ಬ ಅವಳ ಅಪ್ಪ ಸಂಗಣ್ಣ, ಇನ್ನೊಬ್ಬ ನಾನು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು.

ಕ್ರಿಕೆಟ್ ಇದ್ದ ದಿನ ಉಪ್ಪಲ್ ಸ್ಟೇಡಿಯಮ್ಮಿನ ಕಡೆಯ ಮೆಟ್ರೊದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮುಖಕ್ಕೆಲ್ಲ ಬಣ್ಣ ಬಳಿದುಕೊಂಡು ಹೋಗುತ್ತಾರೆ, ಹೋಗಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ — ಇದೆ, ಸ್ವಲ್ಪ ಇದೆ. ನನ್ನ ಆಟಗಳಿಗೆ ಬರುವವರು ನಲವತ್ತು ಜನ, ಅದರಲ್ಲಿ ಮೂವತ್ತು ಜನ ಆಡುವವರ ಮನೆಯವರು, ಐದು ಜನ ನೆರಳಿಗೆ ಮಲಗಲು ಬಂದವರು, ಉಳಿದ ಐವರು ನಮ್ಮಂಥ ಹುಚ್ಚರು. ನಾಂಪಲ್ಲಿಯ ಪಾರ್ಸಲ್ ಆಫೀಸಿನಲ್ಲಿ ಆರು ದಿನ ಗೋಣಿಚೀಲಕ್ಕೆ ಚೀಟಿ ಅಂಟಿಸುವವನು ಏಳನೆಯ ದಿನ ಮೈದಾನಕ್ಕೆ ಬಂದರೆ ಯಾರೋ ಆಗಿಬಿಡುತ್ತಾನೆ, ಗೇಟಿನವನು ನಮಸ್ತೆ ಸಾಬ್ ಅನ್ನುತ್ತಾನೆ, ಆಡುವ ಮಕ್ಕಳು ಸೀಟಿ ಅಂಕಲ್ ಅನ್ನುತ್ತಾರೆ, ಮನೆಯಲ್ಲಿ ಇವಳು ಡಬ್ಬಿ ಕಟ್ಟಿಕೊಡುತ್ತ ಹೋಗ್ರಿ ಹೋಗ್ರಿ, ಯಾರ್ಯಾರದೋ ಮಕ್ಕಳು ನಿಮ್ಮ ದಾರಿ ಕಾಯಾಕತ್ತಾವ ಅನ್ನುತ್ತಾಳೆ, ನಗುತ್ತಲೇ ಅನ್ನುತ್ತಾಳೆ, ನಮಗೆ ಮಕ್ಕಳಿಲ್ಲ, ಆ ನಗುವನ್ನು ನಾನು ದಿಲ್‌ಸುಖ್‌ನಗರದ ಸ್ಟೇಷನ್ನಿನ ಮೆಟ್ಟಿಲವರೆಗೂ ಹೊತ್ತುಕೊಂಡು ಹೋಗುತ್ತೇನೆ, ಅಲ್ಲಿ ಬಿಟ್ಟು ಮೇಲೆ ಹತ್ತುತ್ತೇನೆ. ಸೀಟಿ ನನ್ನದು ಎರಡು ಬೆರಳಿನದು, ನಾಲಿಗೆ ಮಡಿಸಿ ಬೆರಳಿಟ್ಟು ಒಂದೇ ಉಸಿರು, ಥೇಟ್ ಅಂಪೈರನ ಸೀಟಿಯಂತೆ ಬರುತ್ತದೆ, ಒಮ್ಮೆ ಇದೇ ಅಂಗಳದಲ್ಲಿ ರೆಫರಿ ತನ್ನ ಕೊರಳಲ್ಲಿದ್ದ ಸೀಟಿಯನ್ನೇ ಮುಟ್ಟಿ ನೋಡಿಕೊಂಡಿದ್ದ, ಜನ ನಕ್ಕಿದ್ದೇ ನಕ್ಕಿದ್ದು, ನಾನು ನಗಲಿಲ್ಲ, ಅವತ್ತೇ ನನಗೆ ನಾನೇ ಒಂದು ಕಾನೂನು ಹಾಕಿಕೊಂಡೆ: ಚೆಂಡು ನಿಂತಾಗ ಹೊಡೆ, ಗೋಲು ಆದಮೇಲೆ ಹೊಡೆ, ಚೆಂಡು ಓಡುವಾಗ ಬೆರಳು ಬಾಯಿಗೆ ಹೋಗಕೂಡದು. ಅಮರೇಶಪ್ಪನಿಗೂ ಹೇಳಿಕೊಟ್ಟೆ, ಹೊಸದಾಗಿ ಬಂದವರಿಗೂ ಹೇಳಿಕೊಟ್ಟೆ, ದೊಡ್ಡ ಮನುಷ್ಯನಂತೆ ಹೇಳಿಕೊಟ್ಟೆ. ಹನ್ನೊಂದು ವರ್ಷ ಒಂದು ಸಲವೂ ತಪ್ಪಿರಲಿಲ್ಲ.

ಮೂರು ವಾರದ ಹಿಂದಿನ ಆ ಭಾನುವಾರ ಹಾಕಿ ಮ್ಯಾಚಿಗೆ ಅಮರೇಶಪ್ಪ ಬಂದಿರಲಿಲ್ಲ, ಮೈದಾನದ ನೀಲಿ ಟರ್ಫಿಗೆ ಆಗಷ್ಟೇ ನೀರು ಬಿಟ್ಟಿದ್ದರು, ಬಿಸಿಲಿಗೆ ಹಬೆ ಏಳುತ್ತಿತ್ತು, ಎದುರು ತಂಡದ ಕಡೆಯವರು ಆಚೆ ಬದಿಯಲ್ಲಿ ತಮಟೆಯಂಥ ಡಪ್ಪು ಬಡಿಯುತ್ತಿದ್ದರು, ಪಕ್ಕದಲ್ಲಿ ಒಬ್ಬ ಬಂದು ಕೂತ, ತಲೆಗೆ ಟವೆಲ್ಲು, ಉಗುರಿನ ಸಂದಿಯಲ್ಲಿ ಒಣಗಿದ ಸಿಮೆಂಟು, ನಾನು ನನ್ನಷ್ಟಕ್ಕೆ ಹೊಡಿ ಹೊಡಿ ಎಂದು ಗೊಣಗಿದ್ದು ಕೇಳಿ ಅಣ್ಣಾರ, ನೀವು ನಮ್ಮ ಕಡ್ಯಾವ್ರೇನ್ರಿ ಅಂದ. ದೇವದುರ್ಗದ ಸಂಗಣ್ಣ, ಮಾದಾಪುರದಲ್ಲಿ ಕಟ್ಟಡದ ಕೆಲಸ, ಆ ಹದಿನಾಲ್ಕು ನಂಬರಿನಾಕಿ ನನ್ನ ಮಗಳ್ರಿ, ಸುವರ್ಣಾ, ನಾಕು ವರ್ಷ ಆತು ಹಾಸ್ಟೆಲಿಗೆ ಬಂದು, ಇವತ್ತs ಮೊದಲ ಸಲ ನೋಡಾಕ ಬಂದೀನ್ರಿ. ಹೌದಾ ಎಂದು ನಾನು ಅರಳಿಬಿಟ್ಟೆ, ಈ ತೆಲುಗು ಊರಿನಲ್ಲಿ ಕನ್ನಡದಲ್ಲಿ ಆಟ ವಿವರಿಸುವ ಯೋಗ ನನಗೆ ಸಿಕ್ಕಿದ್ದೇ ಕಡಿಮೆ, ಗೋಲಿನ ಮುಂದಿನ ಆ ಅರ್ಧ ಸುತ್ತು ಡಿ, ಅದು ಪೆನಾಲ್ಟಿ ಕಾರ್ನರ್, ಅವರು ಅಂಪೈರು, ಅವರು ಸೀಟಿ ಊದಿದ್ರ ಏನ್ರಿ ಅಂದ ಅವನು, ಸೀಟಿ ಕೇಳಿದ್ರ ನಿಂದರಬೇಕ ನೋಡು ಸಂಗಣ್ಣ, ಕೋಲು ಮ್ಯಾಲೆತ್ತಿ, ಚೆಂಡು ಮುಟ್ಟದಂಗ, ಅಂಪೈರ್ ಕಡಿ ನೋಡ್ಕೋತ ನಿಂದರಬೇಕು, ಚಲೋ ಕಲ್ತವರು ಹಂಗs ನಿಂದರ್ತಾರ. ಅವನು ತಲೆಯಾಡಿಸಿದ, ಕೊನೆಯ ಮೂರು ನಿಮಿಷ, ಸ್ಕೋರು ಒಂದಕ್ಕೆ ಒಂದು, ಚೆಂಡು ನಮ್ಮ ಬದಿಗೆ ಬಂತು, ಸುವರ್ಣಾ ನಮ್ಮ ಮುಂದೆಯೇ ಅದನ್ನು ಕಿತ್ತುಕೊಂಡಳು, ಇವನು ಎದ್ದು ನಿಂತು ಮಗಳನ್ನು ಕೂಗಿದ, ಡಪ್ಪಿನ ಸದ್ದಿನಲ್ಲಿ ಅವನ ಕೂಗು ಅವನಿಗೇ ಕೇಳಿಸಿರಲಿಕ್ಕಿಲ್ಲ, ನಾ ಬಂದೀನಂತ ಆಕಿಗೆ ಗೊತ್ತಿಲ್ರಿ ಅಣ್ಣಾರ, ಒಂದ್ ಸಲ ಈ ಕಡಿ ನೋಡಿದ್ರ ಸಾಕಿತ್ತ್ರಿ, ಹೆಂಗ ಕರೀಲಿ — ತಡಿ ನಾ ಕರೀತೀನಿ ಅಂದೆ. ನಾನೇ ಅಂದೆ. ಬೆರಳು ಬಾಯಿಗೆ ಹೋಯಿತು, ಹನ್ನೊಂದು ವರ್ಷದ ಕಾನೂನು ಒಂದು ಉಸಿರಿನಲ್ಲಿ ಹೋಯಿತು, ಪೀ — ಮತ್ತು ಅವಳು ನಿಂತಳು. ಎಲ್ಲರೂ ಓಡುತ್ತಿದ್ದಾರೆ, ಅವಳೊಬ್ಬಳು ನಿಂತಿದ್ದಾಳೆ, ಸ್ಟಿಕ್ಕು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಎತ್ತಿ, ಚೆಂಡು ಮುಟ್ಟದಂತೆ, ಅಂಪೈರನ ಕಡೆ ನೋಡುತ್ತ. ಎದುರು ತಂಡದ ಹುಡುಗಿ ಚೆಂಡನ್ನು ಎತ್ತಿಕೊಂಡು ಹೋದಳು, ಮತ್ತೊಬ್ಬಳಿಗೆ ಕೊಟ್ಟಳು, ಗೋಲು ಆಯಿತು, ಡಪ್ಪು ಇನ್ನೂ ಜೋರಾಯಿತು.

ಮುಗಿದ ಮೇಲೆ ಬೇಲಿಯಾಚೆ ಅನುರಾಧಾ ಮೇಡಂ ಸುವರ್ಣಾಳನ್ನು ಬೈಯುತ್ತಿದ್ದರು, ತೆಲುಗಿನಲ್ಲಿ, ಹತ್ತು ಮಾರು ದೂರ, ನನಗೆ ಪ್ರತಿ ಮಾತೂ ಕೇಳಿತು, ಯಾಕೆ ನಿಂತೆ, ಸೀಟಿ ಕೇಳಿದೆ ಮೇಡಂ, ಯಾರು ಊದಿದರು, ಗೊತ್ತಿಲ್ಲ ಮೇಡಂ, ಕೇಳಿದೆ. ಅಂಪೈರಿಬ್ಬರೂ ನಾವು ಊದಿಲ್ಲ ಅಂದರು, ಉಳಿದ ಹುಡುಗಿಯರು ಡಪ್ಪಿನ ಬದಿಯಲ್ಲಿದ್ದವರು, ನಮಗೇನೂ ಕೇಳಿಲ್ಲ ಅಂದರು, ಎದುರಿನವಳು ಮೈಮೇಲೆ ಬರುತ್ತಾಳೆಂದು ನೀನು ಹೆದರಿ ನಿಂತೆ ಅಂದರು ಮೇಡಂ, ಹೆದರಿದ್ದಕ್ಕೆ ನಾನು ಏನೂ ಅನ್ನುತ್ತಿರಲಿಲ್ಲ, ಹೆದರುವವಳನ್ನು ತಿದ್ದಬಹುದು, ಸುಳ್ಳು ಹೇಳುವವಳನ್ನು ನಾನು ಕ್ಯಾಂಪಿಗೆ ಕರೆದೊಯ್ಯುವುದಿಲ್ಲ. ಆಗ ನಾನೇನು ಮಾಡಿದೆ, ಕಟ್ಟಿಕೊಂಡೇ ಇದ್ದ ಬೂಟಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದೆ. ಬಾಯಿ ಬಿಟ್ಟರೆ ಗೇಟಿನವನು ನಮಸ್ತೆ ಅನ್ನುವುದಿಲ್ಲ, ಒಳಗೇ ಬಿಡುವುದಿಲ್ಲ, ಆಮೇಲೆ ಭಾನುವಾರ ನಾನೇನು ಮಾಡಲಿ, ದಿಲ್‌ಸುಖ್‌ನಗರದ ಬಾಲ್ಕನಿಯಲ್ಲಿ ಕೂತು ಬಸ್ಸು ನೋಡಲೇ — ಎಂಥ ನಾಚಿಕೆಗೇಡಿನ ಲೆಕ್ಕ ಅದು, ಒಂದು ಹುಡುಗಿಯ ಮಾತಿಗೆ ನನ್ನ ಭಾನುವಾರವನ್ನು ತೂಗಿದೆ, ಭಾನುವಾರವೇ ಭಾರವಾಯಿತು. ಸಂಗಣ್ಣ ನನ್ನನ್ನು ನೋಡಿದ, ಬರ್ತೀನ್ರಿ ಅಣ್ಣಾರ ಎಂದು ನಂಬರು ತೆಗೆದುಕೊಂಡು ಹೋದ, ಮಗಳನ್ನು ಮಾತಾಡಿಸದೆಯೇ ಹೋದ. ಇವತ್ತು ಬೆಳಿಗ್ಗೆ ಅವನ ಫೋನು, ಹಿಂದೆ ಸಿಮೆಂಟು ಕಲಸುವ ಮಿಕ್ಸರಿನ ಗಡಗಡ, ಅಣ್ಣಾರ, ನಾ ಸಂಗಣ್ಣ, ಇವತ್ತು ಐದಕ್ಕ ಲಿಸ್ಟ್ ಕೊಡ್ತಾರಂತ್ರಿ, ಕ್ಯಾಂಪಿಗಿ ಹೋಗದವರನ್ನ ಮುಂದ ಹಾಸ್ಟೆಲಿನ್ಯಾಗ ಇಟಗೊಳ್ಳಂಗಿಲ್ಲಂತ, ಆಕಿ ಇಲ್ಲಿಗೇ ಬರಬೇಕಾಗ್ತದ್ರಿ, ಅವರವ್ವ ಯಂಕಮ್ಮನ ಜೋಡಿ ಇಟ್ಟಂಗಿ ಹೊರಾಕ, ಮೇಡಂ ಬಾಸ್ಕೆಟ್‌ಬಾಲ್ ನೋಡಾಕ ಬರ್ತಾರಂತ, ನೀವೂ ಬರ್ತೀರಲ್ರಿ, ಸೀಟಿ ಆಗಿದ್ದು ಖರೇ ಅಂತ ಒಂದs ಮಾತು ಹೇಳ್ರಿ, ಅಪ್ಪ ಹೇಳಿದ್ರ ಯಾರ್ ನಂಬ್ತಾರ. ಯಾರು ಊದಿದ್ರಂತ ನಾ ಯಾರಿಗೂ ಹೇಳಿಲ್ರಿ, ಆಕಿಗೂ ಹೇಳಿಲ್ಲ, ಕರೀರಿ ಅಂದಾವ ನಾನs ಅಲ್ರಿ, ಯಾವ ಬಾಯಿಲೆ ಹೇಳ್ಲಿ. ಅವನು ಬೈದಿದ್ದರೆ ಚೆನ್ನಾಗಿತ್ತು, ರೀ ಹಚ್ಚಿ ಮಾತಾಡಿದ.

ನಾಲ್ಕೂ ಇಪ್ಪತ್ತೈದು, ಎದ್ದೆ, ಎಲ್ಲಿಗೆ ಹೊಂಟಿ ಅಂದ ಅಮರೇಶಪ್ಪ, ಇಲ್ಲೇ ಅಂದೆ, ನಾಲ್ಕು ಸಾಲು ಇಳಿದೆ. ಮೇಡಂ, ನಮಸ್ತೆ, ಹಿಂದಿಯಲ್ಲೇ ಹೇಳಿದೆ, ಮೆಟ್ರೊದಲ್ಲಿ ಬರುವಾಗ ಹತ್ತು ಸಲ ಕಟ್ಟಿಕೊಂಡಿದ್ದ ಮಾತು, ಆ ದಿನ ಸೀಟಿ ಹೊಡೆದದ್ದು ನಾನು, ಸುವರ್ಣಾ ಸುಳ್ಳು ಹೇಳಲಿಲ್ಲ. ಹೇಳಿಬಿಟ್ಟೆ, ಎಷ್ಟು ಹಗುರ, ಇಷ್ಟೇನಾ, ಇಪ್ಪತ್ತೊಂದು ದಿನ ಯಾಕೆ ಹೊತ್ತೆ — ಮೇಡಂ ಫೈಲಿನ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಅವಳಪ್ಪ ಕಳಿಸಿದನೇ ಅಂದರು. ಹೌದು ಅಂದೆ. ಹೌದು ಅನ್ನದೆ ಇನ್ನೇನು ಅನ್ನಲಿ, ಕಳಿಸಿದ್ದು ನಿಜ. ಅವರು ಸಣ್ಣಗೆ ನಕ್ಕರು, ಅಂಕಲ್, ನನ್ನ ಹುಡುಗಿ ಅಂಪೈರನ ಸೀಟಿಗೂ ಜನರ ಸೀಟಿಗೂ ವ್ಯತ್ಯಾಸ ತಿಳಿಯದವಳಲ್ಲ, ನಾಲ್ಕು ವರ್ಷ ನಾನೇ ಕಲಿಸಿದ್ದೇನೆ, ನಿಮ್ಮದು ಅಷ್ಟು ಅಂಪೈರನಂತೆಯೇ ಇದ್ದರೆ ಬಜಾಕೆ ದಿಖಾಯಿಯೇ. ಹೊಡೆದು ತೋರಿಸಿ. ಚೆಂಡು ಓಡುತ್ತಿತ್ತು, ಈಗ ಬೇಡ ಮೇಡಂ, ಟೈಮ್‌ಔಟ್ ಬರಲಿ ಅಂದೆ, ಅವರಿಗೆ ಅದೂ ನೆಪದಂತೆ ಕಂಡಿತೋ ಏನೋ, ಆರು ನಿಮಿಷ ಅವರ ಪಕ್ಕದಲ್ಲಿ ಕಟಕಟೆಯಲ್ಲಿ ನಿಂತವನಂತೆ ನಿಂತೆ, ಟೈಮ್‌ಔಟ್ ಆಯಿತು, ಹುಡುಗಿಯರು ನೀರು ಕುಡಿಯಲು ಹೋದರು, ಇಡೀ ಅಂಗಳ ಸುಮ್ಮನಾಯಿತು, ಹೂಂ ಅಂದರು ಮೇಡಂ. ನಾಲಿಗೆ ಮಡಿಸಿದೆ, ಬೆರಳಿಟ್ಟೆ, ಊದಿದೆ, ಫೂ ಎಂದು ಗಾಳಿ. ಬರೀ ಗಾಳಿ. ಬಾಯಿ ಒಣಗಿ ಅರಳೆಯಾಗಿದೆ, ನಾಲಿಗೆ ನನ್ನದಲ್ಲ, ಮತ್ತೆ ಊದಿದೆ, ಫೂ, ಮೇಲಿನಿಂದ ಅಮರೇಶಪ್ಪ ಹಾಂ ಹೊಡಿ ಹೊಡಿ ಎಂದು ಕೂಗಿದ, ಅವನಿಗೇನು ಗೊತ್ತು, ಮೂರನೆಯ ಸಲ ಉಗುಳು ಅಂಗಿಯ ಮೇಲೆ ಬಿತ್ತು. ಮೇಡಂ ಸಿಟ್ಟಾಗಲಿಲ್ಲ, ಹೋಗಿ ಕೂತುಕೊಳ್ಳಿ ಅಂಕಲ್, ಪಾಪ ಅಪ್ಪ ಅಂದರೆ ಅಪ್ಪನೇ, ಮಗಳಿಗೆ ಒಂದು ಸುಳ್ಳು ಸಾಲದೆಂದು ಇನ್ನೊಂದು ಕಳಿಸಿದ್ದಾನೆ. ಅವಳ ಹೆಸರಿಗೆ ಇದ್ದ ಒಂದು ಕಲೆಯನ್ನು ನಾನು ಎರಡು ಮಾಡಿ ಬಂದೆ.

ಮತ್ತೆ ನನ್ನ ಜಾಗ, ಏನ್ ಮಾತಾಡಿದಿ ಮೇಡಂ ಜೋಡಿ, ಏನಿಲ್ಲ, ನೀರು ಕೊಡು, ಅಮರೇಶಪ್ಪನ ಬಾಟಲಿಯಿಂದ ಗಟಗಟ ಕುಡಿದೆ, ಆಟ ಶುರುವಾಗಿದೆ, ಒಂದೇ ಪಾಯಿಂಟ್ ಹಿಂದೆ ಇದ್ದಾರೆ ನಮ್ಮವರು, ಇನ್ನು ನಲವತ್ತು ಸೆಕೆಂಡು, ನೀರು ಗಂಟಲಿಗೆ ಇಳಿಯಿತು, ಬಾಯಿ ಒದ್ದೆಯಾಯಿತು, ನಾಲಿಗೆ ತಾನಾಗಿ ಮಡಿಸಿಕೊಂಡಿತು — ಬರುತ್ತದೆ, ಈಗ ಬರುತ್ತದೆ, ನನಗೆ ಗೊತ್ತು, ಹಲ್ಲಿನ ಹಿಂದೆಯೇ ನಿಂತಿದೆ. ಮೇಡಂ ಎದ್ದರು, ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡರು, ಬಾಗಿಲ ಕಡೆ ಹೊರಟರು, ಏಳನೇ ನಂಬರಿನ ಹುಡುಗಿ ಚೆಂಡು ಬಡಿಯುತ್ತ ಬುಟ್ಟಿಯ ಕಡೆ ಓಡುತ್ತಿದ್ದಾಳೆ, ಧಪ್ ಧಪ್, ಹೊಡೆ, ಹೊಡೆದರೆ ಮೇಡಂ ತಿರುಗುತ್ತಾರೆ, ಹೊಡೆದರೆ ಈ ಹುಡುಗಿಯೂ ನಿಲ್ಲುತ್ತಾಳೆ, ಇವಳ ಅಪ್ಪನೂ ಇಲ್ಲೇ ಎಲ್ಲೋ ಕೂತಿರಬಹುದು, ಎರಡು ಬೆರಳು ಬಾಯಲ್ಲಿವೆ, ಎದೆ ತುಂಬ ಉಸಿರು, ಹೊಡೆ ಶಿವಪ್ರಕಾಶ, ಹೊಡೆಯಬೇಡ, ಬೇಡವಾದರೆ ಓಡು, ಹಿಂದೆ ಓಡು, ಪಾರ್ಕಿಂಗಿನಲ್ಲಿ ಚೆಂಡಿಲ್ಲ, ಅಲ್ಲಿ ಹೊಡೆ, ಬಾಗಿಲು ಇಪ್ಪತ್ತು ಹೆಜ್ಜೆ, ಎದ್ದೇಳು — ಬುಟ್ಟಿಗೆ ಬಿತ್ತು, ಎಲ್ಲರೂ ಎದ್ದರು, ಅಮರೇಶಪ್ಪ ನನ್ನ ಬೆನ್ನು ಗುದ್ದಿ ಈಗ ಹೊಡಿಯೋ, ಈಗರ ಹೊಡಿ ಅನ್ನುತ್ತಿದ್ದಾನೆ, ಮೇಡಂ ಹಿಂದೆ ಬಾಗಿಲು ಮುಚ್ಚಿಕೊಂಡಿತು, ಉಸಿರು ಇನ್ನೂ ಎದೆಯಲ್ಲೇ ಇದೆ, ಕಾಲು ಏಳಲೊಲ್ಲದು, ಕಣ್ಣ ಮುಂದೆ ಮರದ ನೆಲವಿಲ್ಲ, ನೀಲಿ ಟರ್ಫು, ಹಬೆ, ಎಲ್ಲರೂ ಓಡುತ್ತಿದ್ದಾರೆ, ಅವಳೊಬ್ಬಳು ನಿಂತಿದ್ದಾಳೆ, ಸ್ಟಿಕ್ಕು ಎದೆಮಟ್ಟಕ್ಕೆ ಎತ್ತಿ, ಚೆಂಡು ಮುಟ್ಟದಂತೆ, ಕಲಿಸಿದಂತೆ, ಯಾರೂ ಅವಳಿಗೆ ಓಡು ಅನ್ನಲಿಲ್ಲ, ನಿಂತಿದ್ದಾಳೆ, ನಿಂತೇ ಇದ್ದಾಳೆ —