ಶನಿವಾರದ ಪಂಚರು

ಧಪ್. ಕುರುಗೋಡಿನಲ್ಲಿ ನಾನಿರುವ ಮನೆಯ ಹಿಂದೆ, ಬೆಳಕು ಸರಿಯಾಗಿ ಹರಿಯುವ ಮೊದಲೇ ಈ ಸದ್ದು ಶುರುವಾಗುತ್ತದೆ. ಗೋಡೆಯಾಚೆ ಗರಡಿ, ಅಲ್ಲಿ ಹುಡುಗ ಹುಡುಗಿಯರು ಒಬ್ಬರನ್ನೊಬ್ಬರು ಎತ್ತಿ ನೆಲಕ್ಕೆ ಹಾಕುತ್ತಿರುತ್ತಾರೆ. ಈಚೆ ಅಂಗಳದಲ್ಲಿ ಬೇವಿನ ಕಡ್ಡಿ ಜಗಿಯುತ್ತ ಕೂತ ಮನೆಯ ಹಿರಿಯರು ತಿಪ್ಪೇರುದ್ರಪ್ಪನವರು, ಆ ಕಡೆ ತಿರುಗಿಯೂ ನೋಡದೆ, “ಮೊಣಕೈ ಊರಬ್ಯಾಡಲೇ, ಮುರಿತೈತಿ” ಎನ್ನುತ್ತಾರೆ. ಗೋಡೆಯಾಚೆಯಿಂದ “ಹೂನ್ರಿ ತಾತ” ಎಂದು ಉತ್ತರ ಬರುತ್ತದೆ. ಮುಂದಿನ ಸದ್ದು ಸ್ವಲ್ಪ ಬೇರೆಯಾಗಿರುತ್ತದೆ. ಅದು ನನಗೆ ಕೇಳಿಸುವುದಿಲ್ಲ, ಅವರಿಗೆ ಕೇಳಿಸುತ್ತದೆ. ಅವರು ಮತ್ತೆ ಕಡ್ಡಿ ಜಗಿಯತೊಡಗುತ್ತಾರೆ.

ಸಿರುಗುಪ್ಪದಿಂದ ಇಲ್ಲಿನ ಕಾಲೇಜಿಗೆ ಪಾಠ ಹೇಳಲು ಬಂದು ಅವರ ಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿದ ಮೇಲೆ ನನಗೆ ಈ ಹಿರಿಯರ ಪರಿಚಯವಾಯಿತು. ಎಪ್ಪತ್ತು ದಾಟಿದ ದೇಹ. ಎದೆ ಇಳಿದಿದೆ, ತೋಳಿನ ಚರ್ಮ ಸಡಿಲಾಗಿದೆ, ಕುತ್ತಿಗೆ ಮಾತ್ರ ವಯಸ್ಸಿನ ಮಾತು ಕೇಳಿಲ್ಲ. ಎರಡೂ ಕಿವಿಗಳು ಹಳೆಯ ಹಿಡಿತಗಳಲ್ಲಿ ಜಜ್ಜಿಹೋಗಿ, ಒಣಗಿದ ಅಂಜೂರದ ಹಾಗೆ ಮುದುಡಿವೆ. ಸಿಮೆಂಟು ರಸ್ತೆಯಲ್ಲಿಯೂ ಅವರು ಅಗೆದು ಹದಮಾಡಿದ ಮಣ್ಣಿನ ಮೇಲೆ ನಡೆಯುವವರಂತೆ, ಹೆಜ್ಜೆಯನ್ನು ಪೂರಾ ಎತ್ತಿ, ಅಗಲಕ್ಕೆ ಇಟ್ಟು, ಊರಿದ ಕಾಲಿನ ಮೇಲೆ ನಂಬಿಕೆ ಬಂದ ಬಳಿಕವೇ ಇನ್ನೊಂದನ್ನು ಎತ್ತುತ್ತಾರೆ. ಮಾತೂ ಅದೇ ನಡಿಗೆಯದು. ಒಂದು ವಿಷಯ ಹೇಳುತ್ತಿರುವಾಗಲೇ “ಅದು ಬ್ಯಾರೆ ಮಾತ” ಎಂದು ಬದಿಗೆ ಹೊರಳಿ, ಆ ಬೇರೆ ಮಾತನ್ನು ಸಾವಕಾಶವಾಗಿ ಮುಗಿಸಿ, ಮರಳಿ ಮೊದಲಿನದಕ್ಕೆ ಬರುತ್ತಾರೆ. ಬರುವ ತನಕ ಕೇಳುವವರು ಕಾಯಬೇಕು.

ಹರೆಯದಲ್ಲಿ ಕುಸ್ತಿ ಆಡಿದರೂ ಅವರ ಹೆಸರು ನಿಂತದ್ದು ಪಂಚರಾಗಿ. ಕಣದಲ್ಲಿ ನಿಂತು ತೀರ್ಪು ಹೇಳುವವರನ್ನು ಈ ಕಡೆ ಹಾಗೆ ಕರೆಯುತ್ತಾರೆ. ಇಬ್ಬರಲ್ಲಿ ಯಾರ ಬೆನ್ನಿಗೆ ಮಣ್ಣು ಹತ್ತಿತೆಂಬುದನ್ನು ನೋಡಬೇಕಾದವರು ಅವರು. ಹಚ್ಚೊಳ್ಳಿಯ ಒಂದು ಕುಸ್ತಿಯ ಕತೆಯನ್ನು ಅವರ ಗೆಳೆಯ ಎರ್ರೆಪ್ಪ ನನಗೆ ಹೇಳಿದ್ದ. ಎರ್ರೆಪ್ಪನದು ಗರಡಿಯ ಎದುರಿಗೇ ಚಹದಂಗಡಿ. ಅಂದು ಕೆಳಗೆ ಬಿದ್ದವನ ಬೆನ್ನು ನೆಲಕ್ಕೆ ತಾಗಿತೆಂದು ಜನವೆಲ್ಲ ಎದ್ದು ಕೂಗುತ್ತಿದ್ದರೆ, ಇವರು ತಮ್ಮ ಕರಿ ಜಾಕೀಟಿನ ಸಮೇತ ಆ ಮಣ್ಣಿನಲ್ಲಿ ಬೋರಲು ಮಲಗಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಹೆಗಲೆಲುಬಿನ ಕೆಳಗಿಂದ ಆಚೆಯ ಬೆಳಕು ಕಾಣುತ್ತದೋ ಎಂದು ನೋಡಿದರಂತೆ. ಎದ್ದಾಗ ಅರ್ಧ ಮೀಸೆ ಕೆಂಪಾಗಿತ್ತಂತೆ. “ಸಂದು ಐತಿ. ನಡೀಲಿ ಕುಸ್ತಿ” ಎಂದರಂತೆ.

“ಕೆಳಗಿದ್ದಾತ ಯಾರು?” ಎಂದು ಕೇಳಿದೆ.

“ನಾನಾ ರೀ ಮೇಡಂ. ಆ ಸಂದಿನ್ಯಾಗ ನನ್ನ ಮಾನ ಇತ್ತು. ಆಮ್ಯಾಲ ಮತ್ತೊಂದು ಪಟ್ಟಿಗೆ ಸೋತೆ, ಆ ಮಾತು ಬಿಡ್ರಿ.”

ಇಂಥವರು ಟಿ.ವಿ.ಯ ಕುಸ್ತಿ ನೋಡುತ್ತಾರೆಂದಾಗ ನಾನು ನಂಬಲಿಲ್ಲ. ಅಲ್ಲಿ ಗೆಲ್ಲುವವರು ಯಾರು, ಸೋಲುವವರು ಯಾರು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಒಳಗೊಳಗೆ ಮಾತಾಡಿಕೊಂಡು ಆಡುವ ಇಂಥ ಆಟವನ್ನು ಗರಡಿಯವರು ನೂರಾ ಕುಸ್ತಿ ಎನ್ನುತ್ತಾರೆ; ಅವರ ಬಾಯಲ್ಲಿ ಅದೊಂದು ಬೈಗುಳ. ತಿಪ್ಪೇರುದ್ರಪ್ಪನವರೂ ಹಾಗೆಯೇ ಬೈಯುತ್ತಿದ್ದರಂತೆ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿಯುವ ತನಕ. ಆ ದಿನಗಳಲ್ಲಿ ಅದೇ ಕೋಣೆಯಲ್ಲಿ ಮೊಮ್ಮಗಳು ಪೂಜಿತಾ ಶುಕ್ರವಾರ ಸಂಜೆಯ ‘ಉಕ್ಕಿನ ಕಣ’ ನೋಡುತ್ತಿದ್ದಳು. ಬಳ್ಳಾರಿಯಲ್ಲೇ ಚಿತ್ರೀಕರಣವಾಗುವ, ನಮ್ಮ ಕಡೆಯ ಹುಡುಗ ಹುಡುಗಿಯರೇ ಬಣ್ಣದ ಉಡುಪು ತೊಟ್ಟು ಆಡುವ ಕಾರ್ಯಕ್ರಮ ಅದು. ತಾತ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಒಂದು ಸಂಜೆ ಮಗ್ಗುಲು ನೋಯಿತೆಂದು ಈಚೆ ಹೊರಳಿದವರು, ಪರದೆಯ ಮೇಲೆ ಒಬ್ಬ ದಡಿಯ ಇನ್ನೊಬ್ಬನನ್ನು ತಲೆಯ ಮೇಲಕ್ಕೆತ್ತಿದ್ದನ್ನು ನೋಡಿ, ಮೊಮ್ಮಗಳಿಗೆ ಹೇಳಿದರಂತೆ: “ಎತ್ತಾಕತ್ತಿದಾವ ಒಬ್ಬ ಅಲ್ಲ ಬೇ. ಮ್ಯಾಲಿನಾವನೂ ಜಿಗದಾನ ನೋಡು. ಸಿರುಗುಪ್ಪದ ಅಕ್ಕಿ ಗಿರಣ್ಯಾಗ ಹಮಾಲ್ರು ಕೂಡಿ ಚೀಲ ಎತ್ತಿದಂಗ, ಇಬ್ರೂ ಕೂಡಿ ಎತ್ತಾಕತ್ಯಾರ.”

ಅಲ್ಲಿಂದ ಒಂದು ಶುಕ್ರವಾರವನ್ನೂ ಅವರು ತಪ್ಪಿಸಿಲ್ಲ. ನೋಡುವ ರೀತಿ ಮಾತ್ರ ಅವರದೇ. ಟಿ.ವಿ.ಯ ಧ್ವನಿಯನ್ನು ಪೂರಾ ಆರಿಸುತ್ತಾರೆ. ಅರಚುವವರ ಮಾತು ಕಿವಿಗೆ ಬಿದ್ದರೆ ಕಣ್ಣಿಗೆ ಕಾಣುವುದಿಲ್ಲ ಎನ್ನುತ್ತಾರೆ. ಕುರ್ಚಿ ಬೇಡ, ನೆಲವೇ ಬೇಕು. ಯಾರಾದರೂ ಅಂಗಾತ ಬಿದ್ದು, ಪಟ್ಟಿ ಅಂಗಿಯ ಅಂಪೈರು ಸೋತರೆಂದು ಮೂರು ಎಣಿಸಲು ಕೈ ಎತ್ತಿದನೋ, ಇವರೂ ಟಿ.ವಿ.ಯ ಮುಂದೆ ಬೋರಲು ಮಲಗಿ, ಕೆನ್ನೆಯನ್ನು ನೆಲದ ಬಂಡೆಗೆ ಹಚ್ಚಿ, ಆ ಗಾಜಿನೊಳಗಿನ ಹೆಗಲು ನೆಲಕ್ಕೆ ತಾಗಿದೆಯೋ ಎಂದು ನೋಡುತ್ತಾರೆ. ಸೊಸೆ ಅವರನ್ನು ದಾಟದೆ ಸುತ್ತಿಕೊಂಡು ಅಡುಗೆಮನೆಗೆ ಹೋಗುತ್ತಾಳೆ.

ಮರುದಿನ ಬೆಳಿಗ್ಗೆ ವಿಮರ್ಶೆ. ಬಳ್ಳಾರಿಯ ಬಿಸಿಲಿನಲ್ಲೂ ಆ ಕರಿ ಜಾಕೀಟು ತೊಟ್ಟು, ಗುಂಡಿಗಳನ್ನೆಲ್ಲ ಹಾಕಿ, ಗರಡಿಯ ಕಟ್ಟೆಯ ಮೇಲೆ ಕೂರುತ್ತಾರೆ. ಎರ್ರೆಪ್ಪ ಚಹ ತರುತ್ತಾನೆ, ನಾಲ್ಕು ಜನ ಸೇರುತ್ತಾರೆ. ಯಾರು ಗೆದ್ದರೆಂಬ ಮಾತೇ ಅಲ್ಲಿಲ್ಲ. “ಅದನ್ನ ಬರದಾವನ್ನ ಕೇಳ್ರಿ” ಎನ್ನುತ್ತಾರೆ. ಬಿದ್ದವರು ಹೇಗೆ ಬಿದ್ದರು, ಬೀಳಿಸಿದವರು ಅವರ ತಲೆಯನ್ನು ಕಾಪಾಡಿದರೋ ಇಲ್ಲವೋ, ಪಟ್ಟಿ ಅಂಗಿಯಾತ ಎಲ್ಲಿ ನಿಂತಿದ್ದ, ಇಷ್ಟೇ. ಆ ಪಟ್ಟಿ ಅಂಗಿಯಾತನ ಮೇಲೆ ಅವರಿಗೆ ವಿಶೇಷ ಸಿಟ್ಟು. ಮೋಸ ನಡೆಯುವ ಹೊತ್ತಿಗೇ ಆತ ಬೆನ್ನು ತಿರುಗಿಸಿರುತ್ತಾನೆ, ಕತೆಯಲ್ಲಿ ಹಾಗೆಯೇ ಬರೆದಿರುತ್ತದೆ, ಅದು ಇವರಿಗೂ ಗೊತ್ತು. “ಗೊತ್ತೈತಿ. ಆದ್ರೂ ಪಂಚ ಅಂದಮ್ಯಾಲ ಬೆನ್ನು ತಿರುಗಿಸಾಕ ಕಾಲಾರ ಹೆಂಗ ಬರ್ತಾವ?” ಎನ್ನುವರು.

“ಆತಂದು ಪಗಾರದ ಕಾಲು, ನಿಂದು ಬಿಟ್ಟಿ ಕಾಲು” ಎಂದು ಎರ್ರೆಪ್ಪ ಚುಚ್ಚುವನು.

ಈ ವರುಷ ಆ ಕಾರ್ಯಕ್ರಮದವರು ಪೂಜಿತಾಳನ್ನೇ ಆಡಲು ಕರೆದರು. ತಾತನ ಗರಡಿಯಲ್ಲೇ ಬೆಳೆದ ಹುಡುಗಿ. ಜಿಲ್ಲೆಯ ಕುಸ್ತಿಗಳಲ್ಲಿ ಗೆದ್ದು ಬಂದವಳು. ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿ. ತರಗತಿಯಲ್ಲಿ ಕಿಟಕಿಯ ಪಕ್ಕ ಕೂತು ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿರುತ್ತಾಳೆ. ಅವಳಿಗೆ ಹೋಗುವ ಆಸೆ. ಅವಳಪ್ಪ ಚನ್ನಬಸವರಾಜನಿಗೆ ಮನಸ್ಸಿಲ್ಲ. “ಗರಡಿಯವ್ರ ಮಗಳು ನೂರಾ ಕುಸ್ತಿ ಆಡ್ಯಾಳ ಅಂದ್ರ ನನ್ನ ಅಂಗಡಿ ಮುಂದ ಬಂದು ನಗತಾರ.” ಕೊನೆಗೆ ಒಂದು ಒಪ್ಪಂದವಾಯಿತು. ಒಂದು ಸಲ ಆಡಿ ಬರಲಿ, ಅದು ಟಿ.ವಿ.ಯಲ್ಲಿ ಬಂದ ಮರುದಿನ ಕಟ್ಟೆಯ ಮೇಲೆ ತಾತ ಏನು ಹೇಳುತ್ತಾರೋ ಅದೇ ಕೊನೆಯ ಮಾತು. ಮೋಸದ ಆಟವೆಂದರೆ ಅವಳು ಮತ್ತೆ ಆ ಕಡೆ ಹೋಗಬಾರದು.

ಬಳ್ಳಾರಿಯಲ್ಲಿ ಆಡಿ ಬಂದ ದಿನದಿಂದ ಪೂಜಿತಾ ಮಾತು ಕಡಿಮೆ ಮಾಡಿದಳು. ಸೋಲುವ ಪಾತ್ರ ಕೊಟ್ಟಿದ್ದಕ್ಕೆ ಬೇಸರವಿರಬೇಕೆಂದು ನಾವೆಲ್ಲ ಅಂದುಕೊಂಡೆವು.

ಆ ಶುಕ್ರವಾರ ಮನೆ ತುಂಬ ಜನ. ತಾತ ಎಂದಿನಂತೆ ಧ್ವನಿ ಆರಿಸಿದರು, ಯಾರೂ ಎದುರಾಡಲಿಲ್ಲ. ಪರದೆಯ ಮೇಲೆ ಪೂಜಿತಾ ಕಣಕ್ಕೇರುವ ಮೊದಲು ಬಗ್ಗಿ ಅದರ ಅಂಚನ್ನು ಮುಟ್ಟಿ ಹಣೆಗೆ ಒತ್ತಿಕೊಂಡಳು, ಗರಡಿಯಲ್ಲಿ ಮಣ್ಣು ಮುಟ್ಟುವ ಹಾಗೆ. ಎದುರಾಳಿ ಕೊಳಗಲ್ಲಿನ ನಾಗಲಕ್ಷ್ಮಿ ಎಂಬ ಹುಡುಗಿ. ಆಟ ಚೆನ್ನಾಗಿಯೇ ನಡೆಯಿತು. ಕೊನೆಯಲ್ಲಿ ಪೂಜಿತಾ ಅಂಗಾತ ಬಿದ್ದಳು, ನಾಗಲಕ್ಷ್ಮಿ ಮೂಲೆಯ ಹಗ್ಗದ ಮೇಲೆ ಹತ್ತಿ ನಿಂತು, ಕೈ ಚಾಚಿ, ಅವಳ ಮೇಲೆ ಹಾರಿದಳು. ಅಷ್ಟರಲ್ಲಿ ಪೂಜಿತಾ ಹೆಗಲೆತ್ತಿ ಮಗ್ಗುಲಾದಳು. ಮೇಲಿನವಳು ಹೇಗೋ ಬಿದ್ದು, ತೆವಳಿ ಬಂದು ಇವಳ ಮೇಲೆ ಕೈ ಹಾಕಿದಳು. ಪಟ್ಟಿ ಅಂಗಿಯಾತ ಓಡಿ ಬಂದು ದಡಬಡನೆ ಮೂರು ಎಣಿಸಿ ಮುಗಿಸಿಬಿಟ್ಟ. ಎಣಿಸುವಾಗ ಪೂಜಿತಾಳ ಒಂದು ಹೆಗಲು ಮೇಲಿದ್ದದ್ದು ಎಲ್ಲರಿಗೂ ಕಂಡಿತು.

ಬೆಳಗಾಗುವುದರೊಳಗೆ ಊರಿನ ಮೊಬೈಲುಗಳಲ್ಲೆಲ್ಲ ಆ ದೃಶ್ಯ ಹರಿದಾಡುತ್ತಿತ್ತು, ಹೆಗಲಿನ ಸುತ್ತ ಕೆಂಪು ಗೆರೆ ಎಳೆದು. ನಮ್ಮ ಹುಡುಗಿ ಬೆನ್ನು ಕೊಡಲಿಲ್ಲ, ಅಂಪೈರು ಮೋಸ ಮಾಡಿದ. ಕಟ್ಟೆಯ ಮುಂದೆ ಅಂದಿನಷ್ಟು ಜನರನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಪೂಜಿತಾಳಿಗೆ ಯಾರೋ ಹಾರ ಹಾಕಿದ್ದರು. ಅದನ್ನು ತೆಗೆಯಲೂ ಬಾರದೆ, ಇಟ್ಟುಕೊಳ್ಳಲೂ ಬಾರದೆ, ಅವಳು ನನ್ನ ಪಕ್ಕದಲ್ಲಿ ನಿಂತಿದ್ದಳು.

ತಾತ ಜಾಕೀಟಿನ ಗುಂಡಿ ಹಾಕುತ್ತ ಬಂದು ಕೂತರು. ಚನ್ನಬಸವರಾಜ ಮೊಬೈಲು ಮುಂದೆ ಹಿಡಿದ. “ನೋಡಪ್ಪಾ, ಮೋಸ ಐತೋ ಇಲ್ಲೋ, ನೀನಾ ಹೇಳಿಬಿಡು.”

ಅವರು ಅದನ್ನು ಸರಿಸಿದರು. “ನಿನ್ನಿ ನೋಡೀನಿ. ಹೆಗಲು ಮ್ಯಾಲಿತ್ತು, ಖರೆ.”

ಜನ ಕೇಕೆ ಹಾಕಿತು. ಅವರು ಅದು ಅಡಗುವ ತನಕ ಕಾದರು.

“ಅದು ಬ್ಯಾರೆ ಮಾತ. ಆ ಪಟ್ಟಿ ಅಂಗಿಯಾತ ಇಷ್ಟು ದಿನದಾಗ ನಿನ್ನಿ ಒಂದಿನ ಪಂಚನ ಕೆಲಸ ಮಾಡ್ಯಾನ.”

“ಲೇ ರುದ್ರ, ಕಣ್ಣಿನ ಆಪರೇಷನ್ ಮಾಡಿದಾವ ರೊಕ್ಕ ವಾಪಸ್ ಕೊಡಲಿ!” ಎಂದ ಎರ್ರೆಪ್ಪ. “ಹೆಗಲು ಎದ್ದಿತ್ತು ಅಂತಿ, ಎಣಿಸಿದ್ದು ಸರಿ ಅಂತಿ.”

“ನೀವೆಲ್ಲಾ ಹೆಗಲು ನೋಡೀರಿ. ಆತ ಮೊಣಕಾಲು ನೋಡ್ಯಾನ.” ಅವರ ದನಿ ಏರಲಿಲ್ಲ. “ಆ ಹುಡುಗಿ ಎಡಗಾಲು ಎಳಕೊಂಡು ಬಂತು. ನಾಟಕದ ಕುಂಟು ಹೊತ್ತಿಗೊಂದು ಥರ ಆಕೈತಿ, ಇದು ಒಂದಾ ಥರ ಇತ್ತು. ಆಟ ಬೆಳಸಬಾರದು ಅಂತ ಆತ ಲಗೂ ಎಣಿಸಿ ಬಿಡಿಸ್ಯಾನ.” ಆಮೇಲೆ ಮೊಮ್ಮಗಳ ಕಡೆ ತಿರುಗಿದರು. “ಆಕಿ ಹೆಂಗದಾಳ?”

ಪೂಜಿತಾ ಹಾರವನ್ನು ಕೊರಳಿನಿಂದ ತೆಗೆದಳು. “ಪ್ಲಾಸ್ಟರ್ ಹಾಕ್ಯಾರ ತಾತ. ನಾ ಅಂಗಾತ ಇದ್ದು ಎರಡೂ ಕೈಲೆ ಆಕೀನ ಹಿಡಕೋಬೇಕಿತ್ತು. ಬೆನ್ನು ನೆಲಕ್ಕ ತಾಗ್ತಲ್ಲ... ಎದ್ದುಬಿಟ್ಟೆ. ಬೇಕಂತ ಮಾಡಲಿಲ್ಲ.”

“ಬೇಕಂತ ಅಲ್ಲ, ಗೊತ್ತೈತಿ. ಬೆನ್ನು ತಾಗಿದ್ರ ಏಳು ಅಂತ ನಾನಾ ಕಲಿಸೀನಿ. ನಮ್ಮ ಕಣದಾಗ ಅದು ಸರಿ. ಅಲ್ಲಿ ಸೋಲ್ತೀನಿ ಅಂತ ಮಾತು ಕೊಟ್ಟು ಹತ್ತೀದಿ. ನೀ ಹಿಡಿತಿ ಅಂತ ನಂಬಿ ಆಕಿ ಹಾರ್ಯಾಳ.” ಮತ್ತೆ ಕೇಳಿದರು: “ನೋಡಾಕ ಹೋಗಿದ್ದಿ?”

“ಇಲ್ಲ.”

ಮೊಬೈಲು ಹಿಡಿದವರು ಅದನ್ನು ಜೇಬಿಗೆ ಹಾಕಿಕೊಂಡರು. ಚನ್ನಬಸವರಾಜ ಮೆಲ್ಲಗೆ ಕೇಳಿದ: “ಹಂಗಾದ್ರ ಇಕಿ ಮತ್ತ ಹೋಗಬೇಕೋ ಬ್ಯಾಡೋ?”

“ಅದು ಮೋಸದ ಆಟ ಅಲ್ಲ. ಆದ್ರ ಹೋಗು ಅಂತ ನಾ ಹೇಳಾಂಗಿಲ್ಲ, ನೀನೂ ಹೇಳಾಂಗಿಲ್ಲ. ಇಕಿ ಕೈಮ್ಯಾಲ ಇನ್ನೊಮ್ಮೆ ಬೀಳಾಕ ಆ ಹುಡುಗಿ ಒಪ್ಪಿದ್ರ ಹೋಗಲಿ.”

ಅಷ್ಟು ಹೇಳಿ ಅವರು ಎದ್ದರು. ಚಹ ಲೋಟದಲ್ಲೇ ಉಳಿಯಿತು. ಎರ್ರೆಪ್ಪ ಅಂಗಡಿಯೊಳಗೆ ಹೋಗಿ ಒಂದು ಚೀಲದಲ್ಲಿ ಪೇರಲಹಣ್ಣು ತುಂಬಿ ತಂದು ಪೂಜಿತಾಳ ಕೈಗೆ ಕೊಟ್ಟ. ಬಸ್‌ ನಿಲ್ದಾಣದ ತನಕ, ಕೊಳಗಲ್ಲಿಗೆ ಹೊರಟ ತಾತ, ಮೊಮ್ಮಗಳ ಜೊತೆ ನಾನೂ ನಡೆದೆ. ದಾರಿಯಲ್ಲಿ ಎದುರಾದವರು ಹುಡುಗಿಯನ್ನು ಹೊಗಳಲು ನಿಲ್ಲುತ್ತಿದ್ದರು, ತಾತ ನಿಲ್ಲುತ್ತಿರಲಿಲ್ಲ.

ಪಂಚರೆಂಬ ಕುಲವೇ ಹಾಗಿರಬೇಕೆಂದು ಅವರ ಹಿಂದೆ ನಡೆಯುತ್ತ ನನಗನ್ನಿಸಿತು. ಗೆದ್ದವರ ಕೈಯನ್ನು ಹಿಡಿದು ಮೇಲೆತ್ತುವುದು ಅವರ ಕೆಲಸ. ಆ ಹೊತ್ತಿನಲ್ಲಿ ಜನರ ಕಣ್ಣೆಲ್ಲ ಎತ್ತಿದ ಕೈಯ ಮೇಲಿರುತ್ತದೆ. ಎತ್ತಿದವರು ಮಾತ್ರ, ಕೆಳಗೆ ಬಿದ್ದವರು ತಾವಾಗಿ ಏಳುತ್ತಾರೋ ಇಲ್ಲವೋ ಎಂದು ನೆಲವನ್ನು ನೋಡುತ್ತ ನಿಂತಿರುತ್ತಾರೆ. ಎದ್ದದ್ದು ಕಂಡ ಮೇಲೆಯೇ ಅವರ ಪಾಲಿಗೆ ಕುಸ್ತಿ ಮುಗಿಯುವುದು. ಊರಿಗೆ ಇಂಥವರು ಒಬ್ಬಿಬ್ಬರು ಇರುತ್ತಾರೆ, ಸಂಭ್ರಮದ ನಡುವೆ ಅವರ ಮಾತು ಯಾರಿಗೂ ಬೇಕಾಗಿರುವುದಿಲ್ಲ.

ಬಳ್ಳಾರಿಯ ಬಸ್ಸು ತಿರುಗಿ ಬಂದು ನಿಂತಿತು. ತಾತ ಮೊಮ್ಮಗಳಿಗೆ ಹೇಳುತ್ತಲೇ ಇದ್ದರು: “ಬಾಗಿಲು ತೆಗೆದ ಕೂಡ್ಲೆ ತಪ್ಪಾತು ಅನ್ನಬ್ಯಾಡ. ಮೊದಲು ಕಾಲು ತೋರಸು ಅನ್ನು. ಅವರವ್ವ ಬೈದ್ರ ಬೈಸಿಕೊ, ನಾನೂ ಬೈಸಿಕೊಂತೀನಿ. ಆಮ್ಯಾಲ ಆಕಿ ಮಗ್ಗಲಾಗ ಕುಂತು...” ಎನ್ನುತ್ತ, ಹೆಜ್ಜೆಯನ್ನು ಪೂರಾ ಎತ್ತಿ, ಅಗಲಕ್ಕೆ ಇಟ್ಟು, ಅವರು ಬಸ್ಸಿನ ಕಡೆ ನಡೆದರು, ಅವಳು ಅವರ ಹಿಂದೆ, ಮತ್ತು ಉಳಿದ ಮಾತು ಬಸ್ಸಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.